ಪಂಢರಪುರದ ಹುಸೇನರು ಮತ್ತು ನಮ್ಮ ನೀಲಿ ಎತ್ತು

ಕಲೆ ಎಂದರೇನು? ಹೀಗೆ ಕೇಳಿದೊಡನೆ ನಮ್ಮಲ್ಲಿ ಹೆಚ್ಚಿನವರು ಗೋಡೆಗೆ ತೂಗುಹಾಕಿದ, ಕಟ್ಟು ಹಾಕಿಸಿದ ಚಿತ್ರವನ್ನು ತೋರಿಸುತ್ತೇವೆ. ಚಿತ್ರದಲ್ಲಿಯ ಮಾವಿನಹಣ್ಣು ನಿಜವಾದ ಹಣ್ಣಿನಂತೆ ಕಂಡರೆ ‘ಭೇಷ್’ ಎನ್ನುತ್ತೇವೆ, ಕಾಣದಿದ್ದರೆ ನಗುತ್ತೇವೆ. ಈ ಅಳತೆಗೋಲು ಸರಿಯೇ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಈ ಅಳತೆಗೋಲನ್ನೇ ಮುರಿದ ಕಲಾವಿದರೊಬ್ಬರು ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲಿಯೇ ಹುಟ್ಟಿದರೆಂಬುದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಎಂ. ಎಫ್. ಹುಸೇನರು 1915ರಲ್ಲಿ ಪಂಢರಪುರದಲ್ಲಿ ಜನಿಸಿದರು. ಮುಂಬಯಿಗೆ ಹೋಗಿ ಹೊಟ್ಟೆಪಾಡಿಗಾಗಿ ಸಿನೇಮಾದ ದೊಡ್ಡ ದೊಡ್ಡ ಫಲಕಗಳನ್ನು ಬರೆದರು. 1947ರಲ್ಲಿ ಸೋಜಾ, ರಝಾ ಮೊದಲಾದವರ ‘ಪ್ರೋಗ್ರೆಸ್ಸಿವ್ ಆರ್ಟಿಸ್ಟ್ಸ್ ಗ್ರುಪ್’ ಸೇರಿ, ಕಂಡದ್ದನ್ನು ಕಂಡಂತೆ ಬರೆಯುವ ಹಳೆಯ ಹಾದಿಯನ್ನು ಬಿಟ್ಟರು. ಅವರ ಕುದುರೆ ಟಾಂಗಾದ ಕುದುರೆಯಲ್ಲ. ಓಟದ ರಭಸವೇ ಅಲ್ಲಿ ಕುದುರೆಯಾಗಿದೆ. 1967ರಲ್ಲಿ ಅವರು ತೆಗೆದ, ಮಾತೇ ಇಲ್ಲದ ಕಿರುಚಿತ್ರಕ್ಕೆ ಬರ್ಲಿನ್ ಚಿತ್ರೋತ್ಸವದ ಬಹುಮಾನ ಬಂದಿತು.

1992ರಲ್ಲಿ ಮುಂಬಯಿಯ ಜಹಾಂಗೀರ್ ಗ್ಯಾಲರಿಯಲ್ಲಿ ಅವರು ಚಿತ್ರಗಳ ಬದಲು ಬಿಳಿ ಬಟ್ಟೆ ತೂಗುಬಿಟ್ಟು, ನೆಲದ ಮೇಲೆ ವೃತ್ತಪತ್ರಿಕೆಯ ಚೂರುಗಳನ್ನು ಹರಡಿದರು. ಅದೇ ವರ್ಷ ಕಲಕತ್ತೆಯಲ್ಲಿ ಜನರೆದುರಿಗೇ ದೇವಿಯರ ಚಿತ್ರಗಳನ್ನು ಬರೆದು, ಕೊನೆಗೆ ತಾವೇ ಅವುಗಳ ಮೇಲೆ ಬಿಳಿ ಬಣ್ಣ ಬಳಿದುಬಿಟ್ಟರು. ಅಳಿಸಿಹಾಕಿದ ಮೇಲೆ ಅದು ಕಲೆ ಹೇಗಾದೀತು?

ಈ ಪ್ರಶ್ನೆಗೆ ಉತ್ತರ ನಮ್ಮ ಮನೆಯಲ್ಲಿಯೇ ಇದೆ. ಅವ್ವ ಮುಂಜಾನೆ ಹಾಕಿದ ರಂಗೋಲಿ ಸಂಜೆಗೆ ಉಳಿಯುವುದಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಮಾಡಿದ ಎತ್ತುಗಳು ಮರಳಿ ಮಣ್ಣಾಗುತ್ತವೆ. ಅಜ್ಜಿ ಹರಕು ಬಟ್ಟೆ ಕೂಡಿಸಿ ಹೊಲಿದ ಕೌದಿಗೆ ಯಾರೂ ಕಟ್ಟು ಹಾಕಿಸುವುದಿಲ್ಲ. ಇವುಗಳನ್ನು ಕಲೆಯಲ್ಲವೆನ್ನಲು ನಮಗೆ ಬಾಯಿ ಬಂದೀತೇ?

ಹಾಗೆಂದು ಗೀಚಿದ್ದೆಲ್ಲವೂ ಕಲೆಯೆಂದು ನಮ್ಮ ಅಭಿಪ್ರಾಯವಲ್ಲ. ಹುಸೇನರು ವರ್ಷಗಟ್ಟಲೆ ಫಲಕ ಬರೆದು ಕೈ ಪಳಗಿಸಿಕೊಂಡವರು. ಗೆರೆಯನ್ನು ಮುರಿಯುವವನಿಗೆ ಮೊದಲು ಗೆರೆ ಎಳೆಯಲು ಬರಬೇಕು. ಅವರ ಕೆಲವು ದೇವಿಯರ ಚಿತ್ರಗಳಿಂದ ಅನೇಕರ ಮನಸ್ಸು ನೊಂದಿತು, ಮೊಕದ್ದಮೆಗಳಾದವು. 2006ರಲ್ಲಿ ದೇಶ ಬಿಟ್ಟ ಅವರು 2011ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡರು. ಚಿತ್ರ ಒಪ್ಪಿಗೆಯಾಗದಿದ್ದರೆ ಹಾಗೆಂದು ಹೇಳುವ ಹಕ್ಕು ನೋಡುವವನಿಗೆ ಇದ್ದೇ ಇದೆ. ಆದರೆ ಮಾತಿಗೆ ಮಾತು ಉತ್ತರವಾಗಬೇಕೇ ಹೊರತು ಬೆದರಿಕೆಯಲ್ಲ.

ಹೋದ ವರ್ಷ ನಮ್ಮ ಗೆಳೆಯನೊಬ್ಬ ಚಿತ್ರಕಲೆಯ ವಹಿಯಲ್ಲಿ ನೀಲಿ ಎತ್ತು ಬರೆದಾಗ ನಾವೆಲ್ಲ ನಕ್ಕೆವು. ಅಂದಿನಿಂದ ಆತ ಬಣ್ಣದ ಪೆಟ್ಟಿಗೆ ಮುಟ್ಟಲಿಲ್ಲ. ಕಾರಹುಣ್ಣಿಮೆಯ ದಿನ ನಮ್ಮೂರ ಎತ್ತುಗಳ ಕೊಂಬಿಗೆ, ಮೈಗೆ ನಾವೇ ನೀಲಿ, ಗುಲಾಬಿ ಬಣ್ಣ ಬಳಿಯುತ್ತೇವೆ. ಅದು ನಮಗೆ ನೆನಪಾಗಲಿಲ್ಲ. ಆತ ಎತ್ತಿನ ಹಬ್ಬವನ್ನು ಬರೆದಿದ್ದ, ನಾವು ಎತ್ತಿನ ತೊಗಲನ್ನು ಹುಡುಕಿದೆವು.

ಗೆಳೆಯರೇ, ಇನ್ನು ಮೇಲೆ ಚಿತ್ರ ನೋಡಿ ನಗುವ ಮೊದಲು ‘ಇದನ್ನೇಕೆ ಹೀಗೆ ಬರೆದೆ?’ ಎಂದು ಕೇಳೋಣ. ಆತನ ಕೈಗೆ ಕುಂಚವನ್ನು ಮರಳಿ ಕೊಡುವ ಹೊಣೆಯೂ ನಮ್ಮದೇ.