ಕಚೇರಿಯ ವೇಳೆಯ ನಂತರದ ಪ್ರತಿಭೆ: ಮಾಲೀಕರ ಹೊಣೆ ಎಷ್ಟು?

‘ಉದ್ಯೋಗಂ ಪುರುಷ ಲಕ್ಷಣಂ’ ಎಂಬ ನುಡಿಯನ್ನು ವ್ಯಾಪಾರ-ಉದ್ದಿಮೆಗಳ ವಲಯದಲ್ಲಿ ಕೇಳದವರಿಲ್ಲ. ಆದರೆ ಉದ್ಯೋಗದ ವೇಳೆ ಮುಗಿದ ನಂತರವೂ ಮನುಷ್ಯನಿಗೆ ತನ್ನದೇ ಆದ ಲಕ್ಷಣವೊಂದು ಉಳಿದಿರುತ್ತದೆ ಎಂಬುದನ್ನು ಆ ನುಡಿ ತಿಳಿಸುವುದಿಲ್ಲ. ಹಗಲೆಲ್ಲ ಇನ್‌ವಾಯ್ಸ್ ಬರೆಯುವ ಗುಮಾಸ್ತರು ಸಂಜೆ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಾರೆ. ದಾಸ್ತಾನಿನ ಲೆಕ್ಕ ಇಡುವ ಮಹಿಳೆ ವಾರಕ್ಕೆರಡು ದಿನ ಸುಗಮ ಸಂಗೀತದ ಅಭ್ಯಾಸಕ್ಕೆ ಹೋಗುತ್ತಾರೆ. ಪ್ಯಾಕಿಂಗ್ ಪೆಟ್ಟಿಗೆಗಳ ವಿನ್ಯಾಸ ಮಾಡುವ ತರುಣ ಭಾನುವಾರ ಬೆಳಿಗ್ಗೆ ಕ್ಯಾಮೆರಾ ಹೆಗಲಿಗೇರಿಸಿಕೊಂಡು ಕೆರೆಯಂಗಳದ ಹಕ್ಕಿಗಳನ್ನು ಅರಸುತ್ತಾನೆ. ಹತ್ತು ಜನರಿರುವ ಸಣ್ಣ ಕಚೇರಿಯಲ್ಲಿಯೂ ಇಂತಹವರು ಒಬ್ಬಿಬ್ಬರಾದರೂ ಇರುತ್ತಾರೆ.

ಇದಕ್ಕೂ ಮಾಲೀಕರಿಗೂ ಸಂಬಂಧವೇನು ಎಂಬ ಪ್ರಶ್ನೆ ಸಹಜ. ವಾಡಿಕೆಯಲ್ಲಿ ಎರಡು ಬಗೆಯ ಉತ್ತರಗಳು ಕಂಡುಬರುತ್ತವೆ. ಮೊದಲನೆಯದು ಸಂಶಯದ್ದು: ‘ಇವರ ಮನಸ್ಸು ನಾಟಕದಲ್ಲಿದೆ, ಲೆಕ್ಕದಲ್ಲಿಲ್ಲ’ ಎಂಬ ಕೊಂಕು. ಎರಡನೆಯದು ಅತಿ ಉತ್ಸಾಹದ್ದು: ಹಾಡುವವರಿಂದ ಆಯುಧಪೂಜೆಯ ದಿನ ಹಾಡಿಸುವುದು, ಬರೆಯುವವರಿಂದ ಆಮಂತ್ರಣ ಪತ್ರಿಕೆ, ಸನ್ಮಾನ ಪತ್ರಗಳನ್ನೆಲ್ಲ ಬರೆಸುವುದು. ಈ ಎರಡೂ ಸರಿಯಲ್ಲ. ನೌಕರರ ಹವ್ಯಾಸಕ್ಕೆ ಮಾಲೀಕರು ಕೊಡಬೇಕಾದುದು ಹಣವಲ್ಲ, ವೇದಿಕೆಯೂ ಅಲ್ಲ. ಮುಂಚಿತವಾಗಿ ಗೊತ್ತಿರುವ, ಮಾತಿಗೆ ತಪ್ಪದ ವೇಳೆ ಮಾತ್ರ.

ಕನ್ನಡ ನಾಡಿನ ಅನುಭವ

ಕಚೇರಿಯ ಕುರ್ಚಿಗೂ ಕಲೆಗೂ ವೈರವಿಲ್ಲ ಎಂಬುದಕ್ಕೆ ಕನ್ನಡದಲ್ಲಿ ನಿದರ್ಶನಗಳು ಹೇರಳವಾಗಿವೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಮೈಸೂರು ಸಂಸ್ಥಾನದ ಆಡಳಿತ ಸೇವೆಯಲ್ಲಿ ಉನ್ನತ ಹುದ್ದೆಗಳನ್ನು ನಿರ್ವಹಿಸುತ್ತಲೇ ಕಥೆಗಳನ್ನು ಬರೆದರು. ‘ಚಿಕವೀರ ರಾಜೇಂದ್ರ’ ಕಾದಂಬರಿಗಾಗಿ 1983ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. 1942ರಲ್ಲಿ ಪ್ರಕಟವಾಗಿ ಮನೆಮಾತಾದ ‘ಮೈಸೂರ ಮಲ್ಲಿಗೆ’ಯ ಕವಿ ಕೆ.ಎಸ್. ನರಸಿಂಹಸ್ವಾಮಿಯವರು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದವರು. ಖಾಸಗಿ ಉದ್ದಿಮೆಗೆ ಇನ್ನೂ ಹತ್ತಿರದ ಉದಾಹರಣೆ ಯಶವಂತ ಚಿತ್ತಾಲರದು. ಮುಂಬಯಿಯಲ್ಲಿ ನೆಲೆಸಿದ್ದ ಅವರು ಬೇಕಲೈಟ್ ಹೈಲಮ್ ಸಂಸ್ಥೆಯಲ್ಲಿ ರಾಸಾಯನಿಕ ತಂತ್ರಜ್ಞರಾಗಿ ದುಡಿದರು. 1979ರ ಅವರ ‘ಶಿಕಾರಿ’ ಕಾದಂಬರಿ ಕಂಪನಿಯೊಂದರ ಒಳಸಂಚಿಗೆ ಸಿಲುಕಿದ ಅಧಿಕಾರಿಯ ಕಥೆ. ಕಾರ್ಖಾನೆ, ಕಚೇರಿಗಳ ಬದುಕನ್ನು ಒಳಗಿನಿಂದ ಬಲ್ಲವರಿಗಷ್ಟೇ ಅಂತಹ ಕೃತಿ ಸಾಧ್ಯ.

ರಂಗಭೂಮಿಯಲ್ಲಿಯೂ ಇದೇ ಪರಂಪರೆಯಿದೆ. ಬೆಂಗಳೂರಿನಲ್ಲಿ 1909ರಲ್ಲಿ ಸ್ಥಾಪಿತವಾದ ಅಮೆಚೂರ್ ಡ್ರಮ್ಯಾಟಿಕ್ ಅಸೋಸಿಯೇಷನ್ನಿನ ಹೆಸರೇ ಸೂಚಿಸುವಂತೆ, ಹವ್ಯಾಸಿ ರಂಗಭೂಮಿಯೆಂದರೆ ಹೊಟ್ಟೆಪಾಡಿಗೆ ಬೇರೆ ವೃತ್ತಿಯನ್ನು ನೆಚ್ಚಿದವರ ರಂಗಭೂಮಿ. ಕರಾವಳಿಯಲ್ಲಿ ಯಕ್ಷಗಾನದ ವೃತ್ತಿ ಮೇಳಗಳ ತಿರುಗಾಟ ಮುಗಿದು ಮಳೆಗಾಲ ಹಿಡಿದೊಡನೆ ತಾಳಮದ್ದಳೆಯ ಕೂಟಗಳು ಆರಂಭವಾಗುತ್ತವೆ. ಅಲ್ಲಿ ವೃತ್ತಿ ಕಲಾವಿದರ ಜೊತೆಯಲ್ಲಿಯೇ ಅಧ್ಯಾಪಕರು, ವಕೀಲರು, ಬ್ಯಾಂಕ್ ನೌಕರರು ಅರ್ಥಧಾರಿಗಳಾಗಿ ಕುಳಿತುಕೊಳ್ಳುತ್ತಾರೆ.

ಮೇಲೆ ಹೆಸರಿಸಿದವರು ಪ್ರಸಿದ್ಧರಾದರು. ಆದರೆ ಪ್ರಸಿದ್ಧಿ ಇಲ್ಲಿ ಮುಖ್ಯವಲ್ಲ. ಊರಿನ ಗಣೇಶೋತ್ಸವದಲ್ಲಿ ವರ್ಷಕ್ಕೊಮ್ಮೆ ಬಣ್ಣ ಹಚ್ಚುವ ಬಿಲ್ ಗುಮಾಸ್ತರಿಗೆ ಪ್ರಶಸ್ತಿ ಬರಬೇಕಾಗಿಲ್ಲ. ಆ ಒಂದು ರಾತ್ರಿಗಾಗಿ ಅವರು ಮೂವತ್ತು ಸಂಜೆ ತಾಲೀಮು ಮಾಡುತ್ತಾರೆ. ಮಾಲೀಕರಿಗೆ ಸಂಬಂಧಿಸಿದ್ದು ಆ ಮೂವತ್ತು ಸಂಜೆಗಳು.

ಕೊರತೆ ಇರುವುದು ವೇಳೆಯದು

ತಾಲೀಮು ಒಬ್ಬರಿಂದ ನಡೆಯುವಂಥದ್ದಲ್ಲ. ಒಬ್ಬ ಪಾತ್ರಧಾರಿ ಬಾರದಿದ್ದರೆ ಉಳಿದ ಒಂಬತ್ತು ಮಂದಿಯ ಸಂಜೆಯೂ ವ್ಯರ್ಥವಾಗುತ್ತದೆ. ಬೆಂಗಳೂರಿನ ಜೆ.ಪಿ. ನಗರದಲ್ಲಿ 2004ರಲ್ಲಿ ಆರಂಭವಾದ ರಂಗಶಂಕರವು ವೇಳೆಯ ಶಿಸ್ತಿಗೆ ಹೆಸರಾದ ರಂಗಮಂದಿರ. ಪ್ರದರ್ಶನ ಆರಂಭವಾದ ಮೇಲೆ ಅಲ್ಲಿ ಒಳಗೆ ಪ್ರವೇಶವಿಲ್ಲ. ಪೀಣ್ಯದ ಘಟಕವೊಂದರಲ್ಲಿ ಸಂಜೆ ಆರಕ್ಕೆ ಹೊರಡಬೇಕಾದವರನ್ನು ‘ರಾಯರೇ, ಇದೊಂದು ಸ್ಟೇಟ್‌ಮೆಂಟ್ ಮುಗಿಸಿ ಹೋಗಿಬಿಡಿ’ ಎಂದು ನಿಲ್ಲಿಸಿಕೊಂಡರೆ, ನಗರದ ಇನ್ನೊಂದು ತುದಿಯಲ್ಲಿರುವ ಆ ಬಾಗಿಲನ್ನು ಅವರು ಸಕಾಲಕ್ಕೆ ಮುಟ್ಟಲಾರರು. ಸ್ಟೇಟ್‌ಮೆಂಟ್ ಮರುದಿನ ಬೆಳಿಗ್ಗೆಯೂ ಆಗುತ್ತಿತ್ತು, ನಾಟಕ ಆಗುತ್ತಿರಲಿಲ್ಲ.

ಹೆಚ್ಚು ವೇಳೆಯ ದುಡಿಮೆಗಿಂತ ಅನಿಶ್ಚಿತ ವೇಳೆಯ ದುಡಿಮೆ ಹೆಚ್ಚು ಹಾನಿಕರ. ಇದರ ಮೊದಲ ಪೆಟ್ಟು ಬೀಳುವುದು ಮಹಿಳಾ ನೌಕರರ ಮೇಲೆ. ಕಚೇರಿ ಅರ್ಧ ಗಂಟೆ ತಡವಾದರೆ ಮನೆಯ ಅಡುಗೆ, ಮಕ್ಕಳ ಪಾಠ ತಪ್ಪುವುದಿಲ್ಲ. ತಪ್ಪುವುದು ಸಂಗೀತದ ತರಗತಿ ಮಾತ್ರ. ಹೀಗೆ ನಾಲ್ಕು ವಾರ ತಪ್ಪಿದ ಮೇಲೆ ಐದನೆಯ ವಾರ ಅವರು ಹೋಗುವುದನ್ನೇ ನಿಲ್ಲಿಸುತ್ತಾರೆ, ಯಾರಲ್ಲಿಯೂ ದೂರುವುದಿಲ್ಲ.

ಕಾನೂನಿನ ನಿಲುವು ಸ್ಪಷ್ಟವಾಗಿದೆ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆ, 1961 ವಾರಕ್ಕೆ 48 ಗಂಟೆಗಳ ಮಿತಿಯನ್ನು ವಿಧಿಸುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳಲ್ಲಿಯೂ ವಾರದ 48 ಗಂಟೆಗಳ ಮಿತಿ ಉಳಿದಿದೆ, ಹೆಚ್ಚುವರಿ ದುಡಿಮೆಗೆ ಇಮ್ಮಡಿ ವೇತನ ನೀಡಬೇಕಾಗುತ್ತದೆ. ವಾರಕ್ಕೆ 70 ಗಂಟೆ ದುಡಿಯಬೇಕೆಂಬ ಮಾತು 2023ರಲ್ಲಿ, 90 ಗಂಟೆಗಳ ಮಾತು 2025ರಲ್ಲಿ ದೊಡ್ಡ ಉದ್ಯಮಿಗಳಿಂದ ಕೇಳಿಬಂದು ದೇಶಾದ್ಯಂತ ಚರ್ಚೆಯಾಯಿತು. ಸಣ್ಣ ಉದ್ದಿಮೆದಾರರು ಅದನ್ನು ಅನುಕರಿಸುವ ಮೊದಲು ತಮ್ಮ ಲೆಕ್ಕವನ್ನು ತಾವೇ ಹಾಕಿ ನೋಡುವುದು ಒಳಿತು.

ಲಾಭ-ನಷ್ಟದ ಲೆಕ್ಕ

ತಿಂಗಳಿಗೆ 24,000 ರೂಪಾಯಿ ವೇತನದ ಒಬ್ಬ ಲೆಕ್ಕಿಗರನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ ಅವರ ಒಂದು ಗಂಟೆಯ ಬೆಲೆ ಸುಮಾರು 115 ರೂಪಾಯಿ. ನಾಟಕದ ತಾಲೀಮಿಗಾಗಿ ಅವರು 20 ದಿನ ಒಂದು ಗಂಟೆ ಮುಂಚಿತವಾಗಿ ಹೊರಟರೆಂದಿಟ್ಟುಕೊಂಡರೂ ಸಂಸ್ಥೆಗೆ ತಗಲುವ ವೆಚ್ಚ ಸುಮಾರು 2,300 ರೂಪಾಯಿ. ಬೆಳಿಗ್ಗೆ ಒಂದು ಗಂಟೆ ಮೊದಲೇ ಬರುವ ಏರ್ಪಾಡಿದ್ದರೆ ಅದೂ ಇಲ್ಲ. ಅದೇ ಲೆಕ್ಕಿಗರು ಬೇಸತ್ತು ಕೆಲಸ ಬಿಟ್ಟರೆ? ಹೊಸಬರು ಎರಡು ತಿಂಗಳು ಅರ್ಧ ಸಾಮರ್ಥ್ಯದಿಂದ ದುಡಿದರೂ ನಷ್ಟ 24,000 ರೂಪಾಯಿ, ಅಂದರೆ ಹತ್ತು ಪಟ್ಟು. ಗಿರಾಕಿಗಳ ಬಾಕಿಯ ಮರ್ಮ, ಸರಬರಾಜುದಾರರ ಸ್ವಭಾವ ಇವೆಲ್ಲ ಹಳಬರ ತಲೆಯಲ್ಲಿ ಮಾತ್ರ ಇರುತ್ತವೆ. ಅವುಗಳ ಬೆಲೆ ಈ ಲೆಕ್ಕದಲ್ಲಿ ಸೇರಿಲ್ಲ. ದೊಡ್ಡ ಕಂಪನಿಗಳ ವೇತನಕ್ಕೆ ಸರಿಗಟ್ಟಲಾಗದ ಸಣ್ಣ ಉದ್ದಿಮೆಗೆ ನೌಕರರನ್ನು ಉಳಿಸಿಕೊಳ್ಳಲು ಇರುವ ಅಗ್ಗದ ಸಾಧನ ಇದು.

ಆಕ್ಷೇಪಗಳು

ಆರು ಜನರ ಅಂಗಡಿಯಲ್ಲಿ ಒಬ್ಬರು ಎದ್ದು ಹೋದರೆ ರವಾನೆಯೇ ನಿಲ್ಲುತ್ತದೆ ಎಂಬ ಆಕ್ಷೇಪ ನಿಜವಾದುದು. ಆದರೆ ವ್ಯಾಪಾರದ ಒತ್ತಡದ ದಿನಗಳಲ್ಲಿ ಬಹುಪಾಲು ಮೊದಲೇ ಗೊತ್ತಿರುವಂಥವು: ಪ್ರತಿ ತಿಂಗಳ ಜಿಎಸ್‌ಟಿ ವಿವರಪಟ್ಟಿಗಳ 11 ಮತ್ತು 20ನೇ ತಾರೀಖು, ವರ್ಷಾಂತ್ಯದ ಮಾರ್ಚ್ 31, ತೆರಿಗೆ ಲೆಕ್ಕಪರಿಶೋಧನೆಯ ಸೆಪ್ಟೆಂಬರ್ ತಿಂಗಳು, ಹಬ್ಬದ ಬೇಡಿಕೆಯ ವಾರಗಳು. ತೊಡಕೆಂದರೆ ಗಣೇಶೋತ್ಸವದ ನಾಟಕಗಳು, ನವರಾತ್ರಿಯ ಕಛೇರಿಗಳು ಇದೇ ದಿನಗಳ ಆಸುಪಾಸಿನಲ್ಲಿ ಬರುತ್ತವೆ. ಆದ್ದರಿಂದಲೇ ಮುಂಚಿತವಾಗಿ ಮಾತನಾಡಿಕೊಳ್ಳುವುದು ಅಗತ್ಯ. ಯಾವ ದಿನ ತಡವಾಗುತ್ತದೆಂದು ಜುಲೈನಲ್ಲಿಯೇ ತಿಳಿದವರು ತಾಲೀಮನ್ನು ಅದಕ್ಕೆ ಹೊಂದಿಸಿಕೊಳ್ಳಬಲ್ಲರು. ಸಂಜೆ ಐದೂಮುಕ್ಕಾಲಕ್ಕೆ ತಿಳಿದವರಿಗೆ ಅದು ಸಾಧ್ಯವಿಲ್ಲ.

ರಾತ್ರಿಯಿಡೀ ಆಟದಲ್ಲಿ ಕುಣಿದವರು ಮರುದಿನ ಯಂತ್ರದ ಮುಂದೆ ತೂಕಡಿಸಿದರೆ ಅಪಾಯವೆಂಬುದೂ ಸತ್ಯ. ಅಲ್ಲಿ ಮಾಲೀಕರು ಕಟ್ಟುನಿಟ್ಟಾಗಿರಲೇಬೇಕು. ಅಂತಹ ದಿನ ರಜೆ ಪಡೆಯುವುದು ಅಥವಾ ಪಾಳಿ ಬದಲಿಸಿಕೊಳ್ಳುವುದು ನೌಕರರ ಹೊಣೆ. ಹಾಗೆಯೇ ಹವ್ಯಾಸದ ಹೆಸರಿನಲ್ಲಿ ಪ್ರತಿಸ್ಪರ್ಧಿ ಸಂಸ್ಥೆಗೆ ವಿನ್ಯಾಸ ಮಾಡಿಕೊಡುವುದು ಹವ್ಯಾಸವಲ್ಲ, ಎರಡನೆಯ ನೌಕರಿ. ಅದನ್ನು ನೇಮಕ ಪತ್ರದಲ್ಲಿಯೇ ಸ್ಪಷ್ಟಪಡಿಸುವುದು ಉಭಯತರಿಗೂ ಕ್ಷೇಮ.

ತೆರಿಗೆ ಮತ್ತು ಒಡೆತನ

ಉದಾರ ಮನಸ್ಸಿನ ಮಾಲೀಕರು ಕೂಡಲೇ ನೌಕರರ ಸಂಘಕ್ಕೆ ಚೆಕ್ ಬರೆಯುವುದುಂಟು. 1961ರ ಆದಾಯ ತೆರಿಗೆ ಕಾಯಿದೆಯ 40ಎ(9)ನೇ ಕಲಂ ಪ್ರಕಾರ, ಭವಿಷ್ಯ ನಿಧಿ, ಗ್ರಾಚ್ಯುಟಿ ನಿಧಿಯಂಥ ನಿರ್ದಿಷ್ಟ ಬಾಬುಗಳನ್ನು ಹಾಗೂ ಕಾನೂನು ಕಡ್ಡಾಯಪಡಿಸಿದವುಗಳನ್ನು ಬಿಟ್ಟರೆ, ಮಾಲೀಕರು ಇಂತಹ ನಿಧಿ ಅಥವಾ ಸಂಘಗಳಿಗೆ ಕೊಡುವ ವಂತಿಗೆಗೆ ವೆಚ್ಚದ ಕಡಿತ ದೊರೆಯುತ್ತಿರಲಿಲ್ಲ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಕಾಯಿದೆಯಡಿ ಇಂತಹ ವಂತಿಗೆ ನೀಡುವ ಮೊದಲು ತಮ್ಮ ಲೆಕ್ಕಪರಿಶೋಧಕರ ಸಲಹೆ ಪಡೆಯುವುದು ಲೇಸು. ಕ್ಲಬ್ಬುಗಳ ಹಾಗೂ ವ್ಯಾಯಾಮ ಕೇಂದ್ರಗಳ ಸದಸ್ಯತ್ವದ ಮೇಲೆ ತೆತ್ತ ಜಿಎಸ್‌ಟಿಗೆ, 17(5)ನೇ ಕಲಂ ಪ್ರಕಾರ ಸಾಮಾನ್ಯವಾಗಿ ಇನ್‌ಪುಟ್ ತೆರಿಗೆ ಜಮೆಯೂ ಇಲ್ಲ. ಸಕಾಲಕ್ಕೆ ಮನೆಗೆ ಕಳುಹಿಸುವುದಕ್ಕಾದರೋ ಯಾವ ಕಲಮಿನ ತಡೆಯೂ ಇಲ್ಲ!

ಇನ್ನೊಂದು ಅಂಶ ಒಡೆತನದ್ದು. 1957ರ ಕೃತಿಸ್ವಾಮ್ಯ ಕಾಯಿದೆಯ 17ನೇ ಕಲಂ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ನೌಕರಿಯ ಕೆಲಸದ ಅಂಗವಾಗಿ ರಚಿತವಾದ ಕೃತಿಯ ಮೊದಲ ಒಡೆಯರು ಮಾಲೀಕರು. ವಿನ್ಯಾಸಗಾರ ಕಚೇರಿಯಲ್ಲಿ ಬರೆದ ಪೆಟ್ಟಿಗೆಯ ಚಿತ್ರ ಸಂಸ್ಥೆಯದು. ಅದೇ ವಿನ್ಯಾಸಗಾರ ಭಾನುವಾರ ಕೆರೆಯಂಗಳದಲ್ಲಿ ತನ್ನ ಸಂತೋಷಕ್ಕೆ ತೆಗೆದ ಹಕ್ಕಿಯ ಛಾಯಾಚಿತ್ರ ಅವನದು. ಆ ಚಿತ್ರವನ್ನು ಸಂಸ್ಥೆಯ ಕ್ಯಾಲೆಂಡರಿನಲ್ಲಿ ಅಚ್ಚು ಹಾಕಿಸಬೇಕಾದರೆ ಲಿಖಿತ ಒಪ್ಪಿಗೆ, ಯೋಗ್ಯ ಸಂಭಾವನೆ, ಚಿತ್ರದ ಕೆಳಗೆ ಹೆಸರು ಈ ಮೂರೂ ಇರಬೇಕು. ‘ನಮ್ಮ ಹುಡುಗನೇ ತಾನೆ’ ಎಂಬ ಸಲಿಗೆ ಇಲ್ಲಿ ಸಲ್ಲದು.

ಮಾಡಬಹುದಾದುದು

ಸದಸ್ಯ ವರ್ತಕರು, ಉದ್ದಿಮೆದಾರರು ಹೆಚ್ಚಿನ ಖರ್ಚಿಲ್ಲದೆ ಕೈಗೊಳ್ಳಬಹುದಾದ ಕ್ರಮಗಳು ನಾಲ್ಕು. ಒಂದು, ತಡವಾಗಿ ದುಡಿಯಬೇಕಾದ ದಿನಗಳ ಪಟ್ಟಿಯನ್ನು ಪ್ರತಿ ತಿಂಗಳ ಮೊದಲ ದಿನವೇ ಸೂಚನಾ ಫಲಕದಲ್ಲಿ ಹಾಕುವುದು. ಎರಡು, ಉಳಿದ ದಿನಗಳಲ್ಲಿ ವೇಳೆ ಮುಗಿದ ಮೇಲೆ ತಡೆಯದಿರುವುದು, ಮನೆಗೆ ದೂರವಾಣಿ ಕರೆ ಮಾಡದಿರುವುದು. ಮೂರು, ನೌಕರರ ಕಲೆಯನ್ನು ಸಂಸ್ಥೆಗೆ ಬಳಸಿಕೊಂಡಾಗ ಅದಕ್ಕೆ ಪ್ರತ್ಯೇಕ ಸಂಭಾವನೆ ನೀಡುವುದು, ಒಲ್ಲೆನೆಂದವರನ್ನು ಒತ್ತಾಯಿಸದಿರುವುದು. ನಾಲ್ಕು, ಹವ್ಯಾಸವಿಲ್ಲದವರಿಗೂ ಇದೇ ವೇಳೆಯನ್ನು ಕೊಡುವುದು. ಸಂಜೆ ಮನೆಯ ಜಗುಲಿಯಲ್ಲಿ ಸುಮ್ಮನೆ ಕುಳಿತುಕೊಳ್ಳುವವರು ಅದಕ್ಕೆ ಕಾರಣ ಹೇಳಬೇಕಾಗಿಲ್ಲ. ಇದರೊಂದಿಗೆ ವಾಣಿಜ್ಯ ಸಂಸ್ಥೆಗಳು ತಮ್ಮ ಸಭಾಂಗಣಗಳನ್ನು ಖಾಲಿಯಿರುವ ಸಂಜೆಗಳಲ್ಲಿ ಹವ್ಯಾಸಿ ತಂಡಗಳ ತಾಲೀಮಿಗೆ ಒದಗಿಸಿದರೆ ಅದು ಊರಿಗೇ ಸಲ್ಲುವ ಸೇವೆಯಾದೀತು.

ದಿನದ ಕೊನೆಗೆ ನಗದು ತಾಳೆ ನೋಡದೆ ಯಾವ ವರ್ತಕರೂ ಗಲ್ಲಾಪೆಟ್ಟಿಗೆ ಮುಚ್ಚುವುದಿಲ್ಲ. ಒಂದು ರೂಪಾಯಿ ಹೆಚ್ಚು ಬಂದಿದ್ದರೆ ಅದು ಯಾರದೆಂದು ಹುಡುಕಿ ಹಿಂದಿರುಗಿಸುತ್ತಾರೆ. ನೌಕರರಿಂದ ಹೆಚ್ಚಾಗಿ ಪಡೆದ ಅರ್ಧ ಗಂಟೆಯ ವಿಷಯದಲ್ಲಿಯೂ ಅದೇ ಪ್ರಾಮಾಣಿಕತೆ ಇರಲಿ ಎಂಬುದಷ್ಟೇ ಇಲ್ಲಿನ ಆಶಯ.