ದಾರಿ ಬಿಡ್ರಿ: ರಾಯಚೂರು, ದೇವದುರ್ಗ, ಮಾನ್ವಿ ಜನರ ಮುಂದೆ ಒಂದು ಪ್ರಣಾಳಿಕೆ

ಆಸ್ಪತ್ರೆಯ ಎಲುಬು–ಕೀಲು ವಿಭಾಗದ ದಾಖಲೆ ಪುಸ್ತಕದಲ್ಲಿ ಪೆಟ್ಟು ಹೇಗಾಯಿತು ಎಂದು ಬರೆಯಲು ಒಂದು ಅಂಕಣ ಇರುತ್ತದೆ. ಅಲ್ಲಿ ಹೆಚ್ಚಾಗಿ ಕಾಣುವುದು ಎರಡೇ ಮಾತು. ಒಂದು ‘ಮೇಲಿಂದ ಬಿದ್ದದ್ದು’. ಇನ್ನೊಂದು ‘ಆರ್‌ಟಿಎ’, ಅಂದರೆ ರಸ್ತೆ ಅಪಘಾತ.

ಮಾಳಿಗೆ ಮೇಲೆ ಮೆಣಸಿನಕಾಯಿ ಹರವಲು ಹೋದ ಹೆಣ್ಣುಮಗಳ ಎದುರು ಮಂಗಗಳ ಹಿಂಡು ಹಲ್ಲು ಕಿರಿದು ನಿಲ್ಲುತ್ತದೆ. ಆಕೆ ಹಿಂದೆ ಹಿಂದೆ ಸರಿಯುತ್ತಾಳೆ, ಕುಂಬಿ ಇಲ್ಲದ ಅಂಚಿಗೆ ಬಂದು ಅಂಗಳಕ್ಕೆ ಬೀಳುತ್ತಾಳೆ. ಬೀಳುವವರು ಅಂಗೈ ಊರುವುದು ಸಹಜ. ದೇಹದ ಭಾರವೆಲ್ಲ ಮಣಿಕಟ್ಟಿಗೆ ಬಂದು ಎಲುಬು ಹಿಂದಕ್ಕೆ ಬಾಗಿ ಮುರಿಯುತ್ತದೆ. ಎಕ್ಸ್‌ರೇ ಹುಟ್ಟುವುದಕ್ಕೂ ಎಷ್ಟೋ ಮುಂಚೆ, 1814ರಲ್ಲಿ, ಡಬ್ಲಿನ್‌ನ ಅಬ್ರಹಾಂ ಕೋಲಿಸ್ ಬರೀ ಕೈಯಿಂದ ಮುಟ್ಟಿ ನೋಡಿ ವಿವರಿಸಿದ ಮುರಿತ ಇದು. ಪುಸ್ತಕದಲ್ಲಿ ಬರೆಯುವುದು: ಮೇಲಿಂದ ಬಿದ್ದದ್ದು. ಮಾನ್ವಿ ಕಡೆ ರಾತ್ರಿ ಗದ್ದೆಗೆ ನೀರು ಕಟ್ಟಿ ಬೈಕಿನಲ್ಲಿ ಮನೆಗೆ ಹೊರಟ ರೈತನಿಗೆ ಕಾಲುವೆ ದಂಡೆಯ ಮೇಲೆ ಹಂದಿ ಅಡ್ಡ ಬರುತ್ತದೆ. ಮೊಳಕಾಲಿನ ಕೆಳಗೆ ಎಲುಬು ಎರಡು ತುಂಡು. ಪುಸ್ತಕದಲ್ಲಿ: ಆರ್‌ಟಿಎ. ಮಂಗವೂ ಇಲ್ಲ, ಹಂದಿಯೂ ಇಲ್ಲ.

ಅತ್ತ ಅರಣ್ಯ ಇಲಾಖೆಯ ಕಡತದಲ್ಲಿ ಪರಿಹಾರ ಕೇಳಿದವರ ಅರ್ಜಿ ಇರುತ್ತದೆ. ಅಲ್ಲಿ ಪ್ರಾಣಿಯ ಹೆಸರುಂಟು, ಊರಿನ ಹೆಸರುಂಟು. ಆದರೆ ಆ ಮನುಷ್ಯನ ಕಾಲು ಆಮೇಲೆ ನೆಟ್ಟಗಾಯಿತೇ, ಅವನು ಮತ್ತೆ ನೇಗಿಲ ಹಿಂದೆ ನಡೆದನೇ ಎಂಬುದಿಲ್ಲ. ಈ ಎರಡು ಪುಸ್ತಕಗಳು ಒಂದೇ ಮೇಜಿನ ಮೇಲೆ ಎಂದೂ ಕೂಡಿಲ್ಲ. ಅವನ್ನು ಕೂಡಿಸುವುದಕ್ಕೆ ಈ ಚಳವಳಿ ಹುಟ್ಟಿದೆ. ನಮ್ಮಲ್ಲಿ ಎಲುಬು ಜೋಡಿಸುವವರಿದ್ದೇವೆ, ಗುಡ್ಡ ಸುತ್ತಿ ಹೆಜ್ಜೆ ಗುರುತು ನೋಡುವವರಿದ್ದೇವೆ, ಹೊಳೆದಂಡೆಯಲ್ಲಿ ಮೋಟರ್ ಇಟ್ಟುಕೊಂಡವರಿದ್ದೇವೆ. ಚಳವಳಿಗೆ ಇನ್ನೂ ಹೆಸರಿಟ್ಟಿಲ್ಲ. ಹೆಸರು, ಲೆಟರ್‌ಹೆಡ್ಡು, ಅಧ್ಯಕ್ಷರ ಕುರ್ಚಿ ಎಲ್ಲ ಮೊದಲೇ ಆಗಿ ಕೆಲಸ ಮಾತ್ರ ಉಳಿದ ಸಂಘಗಳು ಈ ಜಿಲ್ಲೆಯಲ್ಲಿ ಬೇಕಾದಷ್ಟಿವೆ.

ನಮ್ಮ ಮಾತು ಇಷ್ಟು: ಪ್ರಾಣಿಯ ನಡವಳಿಕೆ ಮೊದಲು ಕೆಡುತ್ತದೆ, ಎಲುಬು ಆಮೇಲೆ ಮುರಿಯುತ್ತದೆ. ಕೆಡಿಸುವವರು ಬಹಳ ಸಲ ನಾವೇ. ಹಾಗಿದ್ದಮೇಲೆ ತಡೆಯುವುದೂ ನಮ್ಮ ಕೈಯಲ್ಲಿದೆ.

ಚಿರತೆ ಬಂದಾಗ ನಡೆಯುವುದು

‘ಚಿರತಿ ಬಂದೈತಂತ, ಬರ್ರಲೇ!’ ಇಷ್ಟು ಕೂಗಿದರೆ ಸಾಕು, ಅರ್ಧ ತಾಸಿನಲ್ಲಿ ಗುಡ್ಡದ ಬುಡದಲ್ಲಿ ಜಾತ್ರೆ ಕೂಡುತ್ತದೆ. ರಾಯಚೂರು ಪಕ್ಕದ ಮಲಿಯಾಬಾದ್ ಇರಲಿ, ದೇವದುರ್ಗ–ಮಾನ್ವಿಯ ಕಲ್ಲುಗುಡ್ಡಗಳಿರಲಿ, ಬಂಡೆಯ ಸಂದಿನಲ್ಲಿ ಹಗಲೆಲ್ಲ ಮಲಗಿ ರಾತ್ರಿ ನಾಯಿಗೋ ಆಡಿಗೋ ಇಳಿದುಬರುವ ಪ್ರಾಣಿ ಅದು. ಅದು ಅಲ್ಲಿರುವುದು ಸುದ್ದಿಯೇ ಅಲ್ಲ. ಸುತ್ತ ಜನ ನಿಂತು, ಕಲ್ಲೆಸೆದು, ಪಟಾಕಿ ಹಚ್ಚಿ, ಮೊಬೈಲು ಎತ್ತಿ ಹಿಡಿದಾಗ ಸುದ್ದಿಯಾಗುತ್ತದೆ.

ಸ್ವಿಟ್ಜರ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಹೈನಿ ಹೆಡಿಗರ್ ಕಳೆದ ಶತಮಾನದ ನಡುವಿನಲ್ಲೇ ಇದನ್ನು ಬಿಡಿಸಿ ಹೇಳಿದ್ದರು. ಪ್ರತಿ ಪ್ರಾಣಿಗೂ ಒಂದು ಓಟದ ಅಂತರವಿದೆ. ಅದನ್ನು ದಾಟಿ ನಾವು ಹತ್ತಿರ ಬಂದರೆ ಅದು ಓಡುತ್ತದೆ. ಓಡಲು ದಾರಿ ಇಲ್ಲದಿದ್ದರೆ, ಇನ್ನೂ ಹತ್ತಿರ ಬಂದರೆ, ತಿರುಗಿ ಮೈಮೇಲೆ ಬೀಳುತ್ತದೆ. ಅದಕ್ಕೆ ಹಸಿವೂ ಬೇಡ, ಹಗೆಯೂ ಬೇಡ. ನಾಲ್ಕೂ ದಿಕ್ಕಿಗೆ ಜನ ನಿಂತರೆ ನಾಲ್ಕೂ ದಿಕ್ಕಿನ ಜನ ಅದರ ದಾರಿಗೆ ಅಡ್ಡವಾಗುತ್ತಾರೆ. ಅದು ಯಾವ ಕಡೆ ನುಗ್ಗಿದರೂ ಅಲ್ಲೊಬ್ಬನ ಮುಂಗೈ ಅದರ ಬಾಯಿಗೆ ಸಿಗುತ್ತದೆ. ಮುಖ ಕಾಪಾಡಿಕೊಳ್ಳಲು ಮನುಷ್ಯ ಮೊದಲು ಎತ್ತುವುದು ಮುಂಗೈಯನ್ನೇ ಅಲ್ಲವೇ.

2016ರ ಫೆಬ್ರುವರಿ 7ರಂದು ಬೆಂಗಳೂರಿನ ಕುಂದಲಹಳ್ಳಿಯ ಶಾಲೆಯೊಂದಕ್ಕೆ ಚಿರತೆ ಹೊಕ್ಕಿತು. ಅದನ್ನು ಹಿಡಿಯುವ ಕೆಲಸದಲ್ಲಿ ಗಾಯಗೊಂಡವರಲ್ಲಿ ವನ್ಯಜೀವಿ ವಿಜ್ಞಾನಿ ಸಂಜಯ್ ಗುಬ್ಬಿ ಒಬ್ಬರು. ಚಿರತೆಯನ್ನೇ ಅಧ್ಯಯನ ಮಾಡಿದವರು. ದಾರಿ ಕಟ್ಟಿದ ಚಿರತೆಗೆ ಎದುರಿಗಿದ್ದವರು ಯಾರು, ಏನು ಓದಿದ್ದಾರೆ ಎಂಬುದೆಲ್ಲ ಲೆಕ್ಕಕ್ಕೆ ಬರುವುದಿಲ್ಲ. ಗುಬ್ಬಿಯವರಿಗೇ ಹಾಗಾದರೆ ಮೊಬೈಲು ಹಿಡಿದ ಹುಡುಗನ ಪಾಡೇನು?

ಅರಿವಳಿಕೆ ಮದ್ದಿನ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆಯಿದೆ. ಬಂದೂಕಿನಿಂದ ಸೂಜಿ ಹೊಡೆದ ಕೂಡಲೇ ಪ್ರಾಣಿ ಉರುಳುವುದು ಸಿನಿಮಾದಲ್ಲಿ. ನಿಜದಲ್ಲಿ ಮದ್ದು ಏರಲು ನಿಮಿಷಗಳು ಬೇಕು, ಪ್ರಾಣಿ ಬೆದರಿದ್ದರೆ ಇನ್ನೂ ತಡ. ಆ ನಿಮಿಷಗಳಲ್ಲೇ ಜನ ‘ಬಿತ್ತು, ಬಿತ್ತು’ ಎಂದು ಮುಂದೆ ನುಗ್ಗುತ್ತಾರೆ.

‘ಬೋನಿಟ್ಟು ಹಿಡಿದು ದೂರ ಬಿಟ್ಟುಬನ್ನಿ’ ಎಂಬ ಬೇಡಿಕೆ ಪ್ರತಿ ಸಲ ಬರುತ್ತದೆ. ನಾವು ಅದನ್ನು ಬೆಂಬಲಿಸುವುದಿಲ್ಲ, ಕಾರಣ ಹೇಳುತ್ತೇವೆ. ಮಹಾರಾಷ್ಟ್ರದ ಜುನ್ನಾರ್ ಅರಣ್ಯ ವಿಭಾಗದಲ್ಲಿ 2001ರಿಂದ 2003ರವರೆಗೆ ಹೀಗೆ ಚಿರತೆಗಳನ್ನು ಹಿಡಿದು ಬೇರೆಡೆ ಬಿಡಲಾಯಿತು. ವಿದ್ಯಾ ಆತ್ರೇಯ ಮತ್ತು ಜೊತೆಗಾರರು 2011ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ ಮೊದಲು ವರ್ಷಕ್ಕೆ ಸರಾಸರಿ 4 ಇದ್ದ ಮನುಷ್ಯರ ಮೇಲಿನ ದಾಳಿ 17ಕ್ಕೆ ಏರಿತು. ಗೊತ್ತಿಲ್ಲದ ನೆಲ, ಬೋನಿನ ಬೇನೆ, ಹಳೆಯ ಜಾಗಕ್ಕೆ ಮರಳುವ ತವಕ. ಮೇಲೆ ತೆರವಾದ ಜಾಗಕ್ಕೆ ಹೊಸ ಚಿರತೆ. ಅದೇ ಮಹಾರಾಷ್ಟ್ರದ ಅಕೋಲೆಯಲ್ಲಿ ಕಬ್ಬಿನ ಗದ್ದೆಗಳ ನಡುವೆ 100 ಚದರ ಕಿ.ಮೀ.ಗೆ ಐದರ ಆಸುಪಾಸು ದೊಡ್ಡ ಚಿರತೆಗಳು ಬದುಕಿರುವುದನ್ನು 2013ರಲ್ಲಿ ಅವರೇ ತೋರಿಸಿದರು. ಊರವರಿಗೆ ಅವು ಕಂಡದ್ದು ಅಪರೂಪ. ಕೇಂದ್ರ ಸರ್ಕಾರ 2011ರಲ್ಲಿ ಹೊರಡಿಸಿದ ಮಾರ್ಗಸೂಚಿಯೂ ಜನರ ಗುಂಪನ್ನು ಹತೋಟಿಗೆ ತರಲು ಒತ್ತು ಕೊಡುತ್ತದೆ. ಹದಿನಾಲ್ಕು ವರ್ಷ ದಾಟಿತು, ಗುಂಪು ಇನ್ನೂ ಹಾಗೆಯೇ ಇದೆ.

ಮಂಗಕ್ಕೆ ಯಾರು ಕಲಿಸಿದರು

ಮಂಗಗಳ ವಿಷಯದಲ್ಲಿ ನಾವು ಸ್ವಲ್ಪ ಕಟುವಾಗಿಯೇ ಮಾತಾಡುತ್ತೇವೆ. ಬಂಡೀಪುರದಲ್ಲಿ ಅನಿಂದ್ಯ ಸಿನ್ಹಾ ಮತ್ತು ಸಂಗಡಿಗರು ಗಮನಿಸಿ 2018ರಲ್ಲಿ ಪ್ರಕಟಿಸಿದ ಸಂಗತಿ ಇದು: ಅಲ್ಲಿನ ಮಂಗಗಳು ಪ್ರವಾಸಿಗರ ಮುಂದೆ ಒಂದು ಬಗೆಯ ಮೆಲುದನಿ ತೆಗೆದು, ಕೈಚಾಚಿ, ತಿನ್ನಲು ಕೇಳುತ್ತವೆ. ನಮ್ಮ ಮುಖ ನೋಡುತ್ತ, ನಾವು ಗಮನ ಕೊಡುತ್ತೇವೋ ಇಲ್ಲವೋ ಎಂದು ಅಳೆದು ಕೇಳುತ್ತವೆ. ಕಾಡಿನ ಹಣ್ಣು ಕೈಚಾಚಿದರೆ ಬರುವುದಿಲ್ಲ; ನಮ್ಮ ಬಾಳೆಹಣ್ಣು ಬರುತ್ತದೆ. ಶನಿವಾರ ಗುಡಿಯ ಮುಂದೆ ಪುಣ್ಯಕ್ಕೆಂದು ಚೀಲ ಬಿಚ್ಚುವವರು, ಭಾನುವಾರ ಮಾಳಿಗೆಯಿಂದ ಬಿದ್ದವರ ಪಾಪ ಯಾರ ಖಾತೆಗೆ ಎಂದು ಯೋಚಿಸಬೇಕು. ಗುಡಿಗಳಲ್ಲಿ ಮಂಗಕ್ಕೆ ಉಣಿಸುವುದು ನಿಲ್ಲಲಿ ಎಂಬುದು ನಮ್ಮ ಬೇಡಿಕೆಗಳಲ್ಲೇ ಎಲ್ಲಕ್ಕಿಂತ ಹೆಚ್ಚು ಬೈಗುಳ ತರುವಂಥದು ಎಂದು ಗೊತ್ತು. ಬೈಯಲಿ.

ರಾತ್ರಿಯ ಲೆಕ್ಕ

2018ರಲ್ಲಿ ಕೇಟ್ಲಿನ್ ಗೇನರ್ ತಂಡ ಆರು ಖಂಡಗಳ 62 ಜಾತಿಯ ಸಸ್ತನಿಗಳ ಮೇಲೆ ನಡೆದ 76 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮನುಷ್ಯರ ಓಡಾಟ ಹೆಚ್ಚಿದ ಕಡೆ ಪ್ರಾಣಿಗಳ ರಾತ್ರಿ ಚಟುವಟಿಕೆ ಸರಾಸರಿ 1.36 ಪಟ್ಟು ಹೆಚ್ಚಿತ್ತು. ನಾವು ಬಂದೂಕು ಹಿಡಿದು ಹೋಗಬೇಕೆಂದೇನಿಲ್ಲ, ಸುಮ್ಮನೆ ನಡೆದುಹೋದರೂ ಸಾಕು, ಅವು ಕತ್ತಲಿಗೆ ಸರಿಯುತ್ತವೆ.

ಈಗ ನಮ್ಮ ಕಡೆ ನೋಡಿ. ತ್ರೀಫೇಸ್ ಕರೆಂಟು ರಾತ್ರಿ ಬಂದರೆ ನೀರು ಕಟ್ಟುವುದೂ ರಾತ್ರಿಯೇ. ಏಪ್ರಿಲ್–ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ಹಗಲು ಹೊರಬರುವವರಾರು? ನಮಗೆ ಹೆದರಿ ಅವು ರಾತ್ರಿಗೆ ಹೋದವು. ಕರೆಂಟಿಗೂ ಬಿಸಿಲಿಗೂ ಮಣಿದು ನಾವೂ ರಾತ್ರಿಗೆ ಹೋದೆವು. ಕಾಲುವೆ ದಂಡೆಯ ಕತ್ತಲಲ್ಲಿ ಇಬ್ಬರೂ ಎದುರಾಗುತ್ತೇವೆ. ಆದ್ದರಿಂದ ವಿದ್ಯುತ್ ಕಂಪನಿ ಜೆಸ್ಕಾಂ ಮುಂದೆ ಇಡುವ ಬೇಡಿಕೆಯೂ ವನ್ಯಜೀವಿ ಬೇಡಿಕೆಯೇ: ಗುಡ್ಡದ ಅಂಚಿನ ಮತ್ತು ಹೊಳೆದಂಡೆಯ ಪಂಪ್‌ಸೆಟ್‌ಗಳಿಗೆ ತ್ರೀಫೇಸ್ ಹಗಲು ಕೊಡಿ.

ಹೊಳೆದಂಡೆ ಎಂದರೆ ಮೊಸಳೆ. ದೇವದುರ್ಗದ ಕೊಪ್ಪರ, ಗೂಗಲ್ ಕಡೆಯ ಕೃಷ್ಣೆಯ ದಂಡೆಯವರಿಗೆ ನಾವು ಹೇಳಿಕೊಡಬೇಕಾದದ್ದೇನೂ ಇಲ್ಲ. ಚಳಿಗಾಲದ ಬೆಳಗ್ಗೆ ಮರಳ ದಿಬ್ಬದ ಮೇಲೆ ಬಾಯ್ತೆರೆದು ಮಲಗಿದ್ದನ್ನು ಅವರು ಹುಟ್ಟಿದಾಗಿನಿಂದ ನೋಡಿದ್ದಾರೆ. ಮೈಗೆ ಬಿಸಿಲು ಬೇಕಾದ ಪ್ರಾಣಿ. ಮೊಟ್ಟೆ ಇಡುವುದೂ ದಂಡೆಯಲ್ಲಿ ಗುಣಿ ತೋಡಿ, ಬೇಸಿಗೆಗೆ ಮೊದಲು; ಒಡೆಯುವುದು ಮಳೆಗೆ ಮುಂಚೆ. ಆ ದಿನಗಳಲ್ಲಿ ತಾಯಿ ಗೂಡು ಕಾಯುತ್ತದೆ, ಹತ್ತಿರ ಹೋದವರನ್ನು ಅಟ್ಟುತ್ತದೆ. ಮರಳನ್ನೇ ಲಾರಿಗೆ ತುಂಬಿ ಕಳಿಸಿದರೆ ಬಿಸಿಲು ಕಾಯುವ ಜಾಗವೂ ಇಲ್ಲ, ಗೂಡಿನ ಜಾಗವೂ ಇಲ್ಲ. ಅದು ಎಲ್ಲಿಗಾದರೂ ಸರಿಯಲೇಬೇಕು. ಸರಿದುಬಂದ ಜಾಗ ಬಟ್ಟೆ ಒಗೆಯುವ ಕಲ್ಲೋ ಫುಟ್‌ವಾಲ್ವ್ ಇಳಿಬಿಟ್ಟ ಮಡುವೋ ಆಗಿರಬಹುದು. ಅಕ್ರಮ ಮರಳಿನ ಮಾತೆತ್ತಿದರೆ ಈ ತಾಲ್ಲೂಕಿನಲ್ಲಿ ಎಷ್ಟೋ ದೊಡ್ಡವರ ಮುಖ ಬಾಡುತ್ತದೆ. ಎತ್ತುತ್ತೇವೆ.

ದಂಡೆಯವರಿಗೆ ನಮ್ಮದೊಂದೇ ವಿನಂತಿ. ದಿನವೂ ಒಂದೇ ಹೊತ್ತಿಗೆ ಒಂದೇ ಕಡೆ ನೀರಿಗಿಳಿಯಬೇಡಿ. ಹೊಂಚು ಹಾಕುವ ಪ್ರಾಣಿಗೆ ಬೇಕಾದದ್ದು ನಮ್ಮ ರೂಢಿ.

ಕಚ್ಚಿದ ಎಲುಬು, ಬಿದ್ದ ಎಲುಬು

ಬಿದ್ದು ಮುರಿದದ್ದಕ್ಕೂ ಕಚ್ಚಿ ಮುರಿದದ್ದಕ್ಕೂ ಅಜಗಜಾಂತರ. ಚಿರತೆಯ ಕೋರೆಹಲ್ಲಿನ ಗಾಯ ಮೇಲಿಂದ ನೋಡಿದರೆ ಹುಣಸೆಬೀಜದಷ್ಟು ತೂತು. ಒಳಗೆ ಅದು ಸ್ನಾಯು ಸೀಳಿ, ಕೀಲಿನ ಚೀಲ ಒಡೆದು, ಎಲುಬಿನ ತನಕ ಇಳಿದಿರುತ್ತದೆ. ಬೆಕ್ಕಿನ ಜಾತಿಯ ಬಾಯಲ್ಲಿ ಪಾಶ್ಚುರೆಲ್ಲಾ ಎಂಬ ರೋಗಾಣು, ಹೊಳೆನೀರಿನಲ್ಲಿ ಏರೋಮೊನಾಸ್. ಮೇಲಿನ ತೂತನ್ನು ಚೆಂದಾಗಿ ಹೊಲಿದು ಕಳಿಸಿದರೆ ಒಳಗೆ ಕೀವು ಕಟ್ಟಿ, ಎಲುಬಿಗೆ ಹತ್ತಿ, ವರ್ಷಗಟ್ಟಲೆ ಸೋರುತ್ತದೆ. ಅದಕ್ಕೇ ಇಂಥ ಗಾಯವನ್ನು ತೆರೆದು, ಲೀಟರುಗಟ್ಟಲೆ ಸಲೈನಿನಲ್ಲಿ ತೊಳೆದು, ಸತ್ತ ಮಾಂಸ ತೆಗೆದು, ತೆರೆದೇ ಬಿಡುವುದು. ಮುರಿದ ಎಲುಬನ್ನು ಹೊರಗಿನಿಂದ ಸರಳು ಚುಚ್ಚಿ ಚೌಕಟ್ಟಿನಲ್ಲಿ ಹಿಡಿದಿಡುವುದು. ಎರಡು ಮೂರು ದಿನಕ್ಕೆ ಮತ್ತೆ ತೊಳೆಯುವುದು. ಮಗನ ಕಾಲಿನ ಗಾಯ ತೆರೆದೇ ಇದೆಯೆಂದು ‘ಹೊಲಿಗಿ ಯಾಕ್ ಹಾಕಿಲ್ರಿ ಡಾಕ್ಟ್ರೇ?’ ಎಂದು ಕೇಳುವ ಅಪ್ಪಂದಿರಿಗೆ ಈ ಉತ್ತರ.

ಆಸ್ಪತ್ರೆ ಮುಟ್ಟುವ ಮೊದಲು ಊರಲ್ಲೇ ಆಗಬೇಕಾದದ್ದು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು. ರಕ್ತ ಚಿಮ್ಮುತ್ತಿದ್ದರೆ ಮಾತ್ರ ಅದನ್ನು ಬಿಟ್ಟು ಬಿಗಿಯಾಗಿ ಬಟ್ಟೆ ಒತ್ತಿ ಹಿಡಿದು 108ಕ್ಕೆ ಫೋನು. ಸುಣ್ಣ, ಅರಿಶಿನ, ಕಾಫಿಪುಡಿ ಬೇಡ. ಚಿರತೆ, ಮಂಗ, ತೋಳ, ನರಿ ಯಾವುದು ಕಚ್ಚಿದರೂ ರೇಬಿಸ್ ಲಸಿಕೆ, ಚರ್ಮ ಹರಿದಿದ್ದರೆ ಗಾಯದೊಳಗೇ ಇಮ್ಯುನೊಗ್ಲಾಬುಲಿನ್. ಮುರಿದ ಎಲುಬಿಗೆ ಪುತ್ತೂರು ಕಟ್ಟು ಕಟ್ಟುವ ನಾಟಿ ವೈದ್ಯರನ್ನು ಬೈಯುವುದು ನಮ್ಮ ಕೆಲಸವಲ್ಲ. ಈ ಭಾಗದಲ್ಲಿ ಡಾಕ್ಟರು ಸಿಗದ ಕಾಲದಲ್ಲಿ ಜನ ನಂಬಿದ್ದು ಅವರನ್ನು. ಅವರ ಹತ್ತಿರ ಹೋಗಿ ಕೂತು ಕೇಳಿಕೊಳ್ಳುತ್ತೇವೆ: ಚರ್ಮ ಹರಿದ ಮುರಿತಕ್ಕೆ ಕಟ್ಟು ಬೇಡ, ಬೆರಳು ಕಪ್ಪಿಟ್ಟರೆ ಒಂದು ಗಳಿಗೆಯೂ ಇಟ್ಟುಕೊಳ್ಳಬೇಡಿ.

ದೇವದುರ್ಗದಿಂದಲೂ ಮಾನ್ವಿಯಿಂದಲೂ ರಾಯಚೂರು 50 ಕಿ.ಮೀ. ಆಸುಪಾಸು. ತೆರೆದ ಮುರಿತಕ್ಕೆ ಮೊದಲ ಆಂಟಿಬಯಾಟಿಕ್ ಎಷ್ಟು ಬೇಗ ಬಿದ್ದರೆ ಅಷ್ಟು ಲೇಸು; ರಾಯಚೂರಿನ ರಿಮ್ಸ್ ಆಸ್ಪತ್ರೆ ಮುಟ್ಟುವ ತನಕ ಕಾಯುವ ಹೊತ್ತು ಅದಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೇ ಆ ಸೂಜಿ, ಧನುರ್ವಾಯು ಸೂಜಿ, ರೇಬಿಸ್ ಮದ್ದು ಮೂರೂ ಸದಾ ಇರಬೇಕು. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ 13ರಿಂದ ಧರಣಿ ಕೂತವರಿಗೆ ನಮ್ಮ ಬೆಂಬಲ ಇದ್ದೇ ಇದೆ. ಆದರೆ ಏಮ್ಸ್ ಬರುವ ತನಕ ಮಾನ್ವಿಯ ಫ್ರಿಜ್ಜಿನಲ್ಲಿ ಇಮ್ಯುನೊಗ್ಲಾಬುಲಿನ್ ಇರಲಿ ಎಂದು ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ.

ಬೇಡಿಕೆ, ಕೆಲಸ, ಕಟ್ಟಳೆ

ಎಲ್ಲಕ್ಕೂ ಮೊದಲು ಬೇಕಾದದ್ದು ಖರ್ಚಿಲ್ಲದ್ದು. ಮೂರೂ ತಾಲ್ಲೂಕಿನ ಸರ್ಕಾರಿ, ಖಾಸಗಿ ಆಸ್ಪತ್ರೆಗಳ ದಾಖಲೆಯಲ್ಲಿ ಇನ್ನೊಂದು ಅಂಕಣ: ಪ್ರಾಣಿ ಕಾರಣವೇ? ಯಾವುದು? ಎಲ್ಲಿ? ಎಷ್ಟು ಹೊತ್ತಿಗೆ? ಸುತ್ತ ಜನ ಇದ್ದರೇ? ರೋಗಿಯ ಹೆಸರಿಲ್ಲದೆ ಈ ಐದು ಉತ್ತರ ತಿಂಗಳಿಗೊಮ್ಮೆ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಹೋಗಲಿ. ಒಂದು ವರ್ಷ ಬರೆದರೆ ಸಾಕು, ಯಾವ ಕಾಲುವೆ ದಂಡೆಗೆ ದೀಪ ಬೇಕು, ಯಾವ ಓಣಿಯ ಮಾಳಿಗೆಗೆ ಕುಂಬಿ ಬೇಕು ಎಂಬುದು ಭಾಷಣವಿಲ್ಲದೆ ಗೊತ್ತಾಗುತ್ತದೆ. ಕೃಷಿ ವಿಶ್ವವಿದ್ಯಾಲಯ ಮತ್ತು ವೈದ್ಯಕೀಯ ಕಾಲೇಜುಗಳ ವಿದ್ಯಾರ್ಥಿಗಳು ಇದನ್ನೇ ಸಂಶೋಧನೆಯಾಗಿ ಎತ್ತಿಕೊಳ್ಳಲಿ, ಮಾಹಿತಿ ಕೊಡುತ್ತೇವೆ.

ಚಿರತೆ ಕಂಡ ದಿನ ಪೊಲೀಸರ ಮೊದಲ ಕೆಲಸ ಜನರನ್ನು ಚದುರಿಸುವುದಾಗಲಿ. ಅದಕ್ಕೆ ಕಾನೂನು ಇದೆ, ಹಳೆಯ 144, ಈಗಿನ 163ನೇ ಕಲಂ. ಗುಡ್ಡದ ಒಂದು ಮಗ್ಗುಲು ಪೂರ್ತಿ ಖಾಲಿ ಇರಲಿ. ಕಲ್ಲು ಕ್ವಾರಿಗಳಿಗೆ ಅನುಮತಿ ಕೊಡುವ ಮುಂಚೆ ಆ ಬಂಡೆಗಳಲ್ಲಿ ಯಾವ ಪ್ರಾಣಿ ಮರಿ ಹಾಕುತ್ತದೆಂದು ನೋಡಲಿ.

ನಮ್ಮ ಪಾಲಿನ ಕೆಲಸ: ಶಾಲೆಗಳಲ್ಲಿ ಗಾಯ ತೊಳೆಯುವುದನ್ನು ಮಾಡಿ ತೋರಿಸುವುದು, ಹೊಳೆದಂಡೆಯ ಊರುಗಳಲ್ಲಿ ಮೊಸಳೆ ಗೂಡಿನ ತಿಂಗಳುಗಳನ್ನು ಡಂಗುರ ಸಾರಿಸುವುದು, ಗುಡಿಯ ಕಮಿಟಿಯವರೊಡನೆ ಮಂಗದ ಮಾತು ಆಡುವುದು, ಪರಿಹಾರದ ಅರ್ಜಿಗೆ ಬೇಕಾದ ಗಾಯದ ಪ್ರಮಾಣಪತ್ರಕ್ಕೆ ಯಾರೂ ನಾಲ್ಕು ಸಲ ಓಡಾಡದಂತೆ ಜೊತೆಗೆ ಹೋಗುವುದು.

ಸದಸ್ಯರಾಗಲು ಶುಲ್ಕವಿಲ್ಲ, ಜಾತಿ–ಪಕ್ಷದ ಕಟ್ಟಿಲ್ಲ. ಕಟ್ಟಳೆ ಮಾತ್ರ ಇದೆ. ಪ್ರಾಣಿಯ ವಿಡಿಯೊ ಹಾಕುವವರು, ಅದು ಇರುವ ಜಾಗವನ್ನು ಗ್ರೂಪಿನಲ್ಲಿ ಹಂಚುವವರು ಅಂದೇ ಹೊರಗೆ. ಸಭೆ ತಿಂಗಳಿಗೊಂದು, ಸರದಿಯಂತೆ ಮೂರೂ ಊರುಗಳಲ್ಲಿ. ಚಿರತೆ ಬಂದ ದಿನ ಮಾತ್ರ ಯಾವ ಊರಲ್ಲೂ ಸಭೆ ಇಲ್ಲ. ಅಂದು ಸದಸ್ಯರ ಕೆಲಸ ತಮ್ಮ ಓಣಿಯ ಹುಡುಗರನ್ನು ಮನೆಯಲ್ಲಿ ಕೂಡಿಸಿಟ್ಟುಕೊಳ್ಳುವುದು.