ಮೂರು ದಿನದ ಪ್ರವಾಸವೂ ನಮ್ಮ ಹೆಣ್ಣುಮಕ್ಕಳೂ

ಡಿಸೆಂಬರ್ ತಿಂಗಳು ಸಮೀಪಿಸಿತೆಂದರೆ ಪ್ರತಿಯೊಂದು ಹೈಸ್ಕೂಲಿನಲ್ಲಿಯೂ ಪ್ರವಾಸದ ಮಾತು ಏಳುವುದು. ಎಲ್ಲಿಗೆ ಹೋಗತಕ್ಕದ್ದು, ಎಷ್ಟು ದಿನ, ಎಷ್ಟು ಹಣ ಎಂಬ ಚರ್ಚೆಯು ಉಪಾಧ್ಯಾಯಿನಿಯರ ಕೊಠಡಿಯಿಂದ ತರಗತಿಗಳಿಗೂ, ತರಗತಿಗಳಿಂದ ಮನೆಗಳಿಗೂ ಹಬ್ಬುವುದು. ಮನೆಯನ್ನು ಮುಟ್ಟಿದ ಮೇಲೆ ಆ ಮಾತು ಎರಡು ದಾರಿಗಳನ್ನು ಹಿಡಿಯುವುದು. ಗಂಡುಹುಡುಗನು ತಂದ ಒಪ್ಪಿಗೆಪತ್ರಕ್ಕೆ ತಂದೆಯು ಒಡನೆಯೇ ರುಜು ಹಾಕುವನು. ಅವನ ತಂಗಿಯು ತಂದ ಪತ್ರವಾದರೋ ಗಡಿಯಾರದ ಹಿಂದೆ ನಾಲ್ಕು ದಿನ ಕುಳಿತಿದ್ದು, ಐದನೆಯ ದಿನ "ಈ ವರ್ಷ ಬೇಡ" ಎಂಬ ಮಾತಿನೊಡನೆ ಶಾಲೆಗೆ ಹಿಂದಿರುಗುವುದು. ಈ ಸ್ಮರಣ ಸಂಚಿಕೆಯನ್ನು ತಾಯಿತಂದೆಗಳೂ ಹಳೆಯ ವಿದ್ಯಾರ್ಥಿನಿಯರೂ ಓದುವರಾದುದರಿಂದ, ಈ ವಿಷಯದಲ್ಲಿ ನನ್ನ ಅಭಿಪ್ರಾಯವನ್ನು ಇಲ್ಲಿ ಬಿನ್ನವಿಸುವೆನು.

ಒಬ್ಬ ಗೃಹಸ್ಥರು, ಬಹು ಸಭ್ಯರು, ಮಗಳ ಓದಿನಲ್ಲಿ ಬಹಳ ಆಸ್ಥೆಯುಳ್ಳವರು, ನನ್ನ ಕೊಠಡಿಗೆ ಬಂದು, "ಅಮ್ಮಾ, ಸಮುದ್ರ ಎಲ್ಲಿಗೆ ಓಡಿಹೋಗುತ್ತದೆ? ಮದುವೆಯಾದ ಮೇಲೆ ಅವಳ ಗಂಡನು ತೋರಿಸಲಿ" ಎಂದರು. ಸಮುದ್ರವು ಓಡಿಹೋಗುವುದಿಲ್ಲವೆಂಬುದು ನಿಜವೇ. ಆದರೆ ಹದಿನಾಲ್ಕನೆಯ ವಯಸ್ಸು ಓಡಿಹೋಗುವುದಲ್ಲವೆ? ಮದುವೆಯಾದ ನಮ್ಮ ಹಳೆಯ ವಿದ್ಯಾರ್ಥಿನಿಯರನ್ನು ನಾನು ವಿಚಾರಿಸಿದ್ದುಂಟು. ಮೊದಲನೆಯ ವರ್ಷ ಅತ್ತೆಯ ಮನೆಯ ಹಬ್ಬಗಳು, ಎರಡನೆಯ ವರ್ಷ ಮಗು, ಆಮೇಲೆ ಮಗುವಿನ ಶಾಲೆ, ಮಾವನವರ ಕಾಯಿಲೆ. ಮೂವತ್ತೆಂಟನೆಯ ವಯಸ್ಸಿನಲ್ಲಿ ಮೊಟ್ಟಮೊದಲು ಸಮುದ್ರವನ್ನು ಕಂಡ ಒಬ್ಬಾಕೆಯು, ತಾನು ತೆರೆಗಳನ್ನು ನೋಡಿದ್ದಕ್ಕಿಂತಲೂ ಮಕ್ಕಳು ಬಿಟ್ಟುಹೋದ ಚಪ್ಪಲಿಗಳನ್ನು ಕಾದದ್ದೇ ಹೆಚ್ಚೆಂದು ನನಗೆ ನಗುತ್ತ ಹೇಳಿದಳು. ಆ ನಗುವನ್ನು ಕಂಡು ನನಗೆ ನಗು ಬರಲಿಲ್ಲ.

ಹೀಗೆಂದ ಮಾತ್ರಕ್ಕೆ ತಾಯಿತಂದೆಗಳ ಸಂಶಯವೆಲ್ಲವೂ ನಿರಾಧಾರವೆಂದು ನಾನು ಹೇಳೆನು. ಈಗ ಪ್ರವಾಸಗಳು ನಡೆಯುವ ರೀತಿಯನ್ನು ನೋಡಿದರೆ "ಇದರಿಂದ ಏನು ಪ್ರಯೋಜನ?" ಎಂದು ಕೇಳುವವರ ಮಾತಿನಲ್ಲಿಯೂ ಹುರುಳಿದೆ. ಪ್ರವಾಸ ಮಾಡಿಸುವ ವ್ಯಾಪಾರಸ್ಥರೊಬ್ಬರು ನಮ್ಮ ಶಾಲೆಗೆ ಒಂದು ಪಟ್ಟಿಯನ್ನು ಕಳುಹಿಸಿದ್ದರು. ಅದರಲ್ಲಿ ಮೂರು ದಿನಕ್ಕೆ ಹದಿನೇಳು ಪ್ರೇಕ್ಷಣೀಯ ಸ್ಥಳಗಳು! ಬಸ್ಸಿನಿಂದ ಇಳಿಯುವುದು, ಸಾಲಾಗಿ ನಿಂತು ಮೊಬೈಲ್ ಫೋನಿನಲ್ಲಿ ಚಿತ್ರ ತೆಗೆಸಿಕೊಳ್ಳುವುದು, ಚುರುಮುರಿ ಕೊಳ್ಳುವುದು, ಮತ್ತೆ ಬಸ್ಸನ್ನೇರಿ ಹಾಡುವುದು. ಅಂಥಾ ಪ್ರವಾಸದಿಂದ ಬಂದ ಹುಡುಗಿಯನ್ನು ಏನು ಕಂಡೆಯೆಂದು ಕೇಳಿದರೆ, "ಎಲ್ಲ ಕಂಡೆ, ಟೀಚರ್" ಎನ್ನುವಳು. ಎಲ್ಲವನ್ನೂ ಕಂಡವಳು ಯಾವುದೊಂದನ್ನೂ ವರ್ಣಿಸಲಾರಳು. ಆದುದರಿಂದ ನಮ್ಮ ಹೆಣ್ಣುಮಕ್ಕಳನ್ನು ಕಳುಹಿಸಿರೆಂದು ಮನೆಯವರನ್ನು ಕೇಳುವ ನಾವು, ಕೆಲವೇ ಸ್ಥಳಗಳನ್ನು ಆರಿಸಿ, ಒಂದಕ್ಕೊಂದು ಸಂಬಂಧವಿರುವಂತೆ ತೋರಿಸುವ ಹೊಣೆಯನ್ನು ಹೊರಬೇಕು.

ಬಯಲುಸೀಮೆಯ ನಮ್ಮಂಥಾ ಊರಿನ ಶಾಲೆಗೆ, ಹೋಗಿಬರುವ ಪ್ರಯಾಣವನ್ನು ಬಿಟ್ಟು ಮೂರು ಹಗಲುಗಳಲ್ಲಿ ನೋಡತಕ್ಕ ಸೀಮೆಯಾವುದೆಂದರೆ, ಆಗುಂಬೆಯಿಂದ ಘಟ್ಟವನ್ನಿಳಿದು ಕಾರ್ಕಳ, ಮೂಡಬಿದಿರೆ, ಮಂಗಳೂರುಗಳ ಮೇಲೆ ಮಲ್ಪೆಯ ಕಡಲನ್ನು ಮುಟ್ಟುವ ದಾರಿಯೇ. ಬೆಟ್ಟ, ಕಾಡು, ಶಿಲ್ಪ, ಕೈಕಸಬು, ಕಡಲು ಎಲ್ಲವೂ ಆ ಒಂದೇ ದಾರಿಯಲ್ಲಿವೆ. ಅವೆಲ್ಲವನ್ನೂ ಹೊಲಿದ ದಾರವು ಯಾವುದೆಂದು ಹುಡುಗಿಯರೇ ಕಂಡುಕೊಳ್ಳುವಂತೆ ಮಾಡಬಹುದು. ಆ ದಾರವು ಮಳೆ.

ನಮ್ಮ ಕಡೆ ವರ್ಷಕ್ಕೆ 600 ಮಿಲಿಮೀಟರ್ ಮಳೆ ಬಿದ್ದರೆ ರೈತನು ದೇವರನ್ನು ಕೊಂಡಾಡುವನು. ಆಗುಂಬೆಯಲ್ಲಿ ಬೀಳುವ ಸರಾಸರಿ ಮಳೆಯು 7,000 ಮಿಲಿಮೀಟರಿಗೂ ಮೀರಿದ್ದು. ಈ ಅಂಕಿಯನ್ನು ಕರಿಹಲಗೆಯ ಮೇಲೆ ಬರೆದು ಎಷ್ಟು ಸಲ ಉರು ಹೊಡೆಸಿದರೂ ಅದು ಪರೀಕ್ಷೆಯ ಮಾರನೆಯ ದಿನ ಮರೆತುಹೋಗುವುದು. ಡಿಸೆಂಬರಿನಲ್ಲಿ ಮಳೆಯಿಲ್ಲದಿದ್ದರೂ ಮಳೆಯ ಗುರುತುಗಳು ಅಲ್ಲಿ ಎಲ್ಲೆಲ್ಲಿಯೂ ಇರುವುವು. ಮರದ ಬೊಡ್ಡೆಗೆ ಹತ್ತಿದ ಪಾಚಿ, ಕೊಂಬೆಗಳ ಮೇಲೆ ಬೇರೂರಿದ ಸೀತಾಳೆಗಿಡಗಳು, ಮನೆಗಳ ಇಳಿಜಾರಾದ ಮಾಡು, ಕೆಳಕ್ಕೆ ಇಳಿದುಬಂದ ಸೂರಿನ ಅಂಚು. ಹುಡುಗಿಯು ಅದನ್ನು ಕೈಯಿಂದ ಮುಟ್ಟಿ ನೋಡಲಿ. ಪಶ್ಚಿಮ ಘಟ್ಟಗಳಲ್ಲಿ ಆರಿಸಿದ 39 ತಾಣಗಳನ್ನು 2012ರಲ್ಲಿ ಯುನೆಸ್ಕೋ ಸಂಸ್ಥೆಯವರು ವಿಶ್ವದ ಪರಂಪರೆಯ ಪಟ್ಟಿಯಲ್ಲಿ ಸೇರಿಸಿದರಷ್ಟೆ. ಆಗುಂಬೆಯ ಕಾಯ್ದಿಟ್ಟ ಅರಣ್ಯವೂ ಅದರ ಕೆಳಗಣ ಸೋಮೇಶ್ವರದ ಅಭಯಾರಣ್ಯವೂ ಅವುಗಳಲ್ಲಿ ಸೇರಿವೆ. ಕಾಳಿಂಗ ಸರ್ಪಕ್ಕೆ ಈ ಕಾಡು ಹೆಸರಾದುದು. ಇದನ್ನು ಹೇಳಿದರೆ ಕೆಲವು ತಾಯಂದಿರು ಇನ್ನೂ ಹೆದರಬಹುದು. ಆದರೂ ಆ ಹಾವು ಮನುಷ್ಯರಿಂದ ದೂರವಿರಲು ಬಯಸುವುದೆಂಬುದನ್ನೂ ಹೇಳತಕ್ಕದ್ದೇ.

ಆಗುಂಬೆಯಲ್ಲಿ ಎಲ್ಲರೂ ಸೂರ್ಯಾಸ್ತಮಾನವನ್ನು ನೋಡಲು ಹೋಗುವರು. ಆಕಾಶವು ನಿರ್ಮಲವಾಗಿದ್ದರೆ ದೂರದಲ್ಲಿ ಅರಬ್ಬೀ ಸಮುದ್ರವೂ ಕಾಣುವುದು. ಆ ನೋಟವು ರಮಣೀಯವೆಂಬುದರಲ್ಲಿ ಸಂದೇಹವಿಲ್ಲ. ಆದರೆ ನನಗೆ ಅದಕ್ಕಿಂತ ದೊಡ್ಡದಾಗಿ ತೋರುವುದು ಅಲ್ಲಿಯ ನೀರಿನ ವಿಚಾರ. ಇಲ್ಲಿ ಹುಟ್ಟುವ ಸೀತಾನದಿಯು ಪಶ್ಚಿಮಕ್ಕೆ ಧುಮುಕಿ ಹತ್ತಿರದ ಅರಬ್ಬೀ ಸಮುದ್ರವನ್ನು ಸೇರುವುದು. ಇದೇ ನೆರೆಯಲ್ಲಿ ಹುಟ್ಟುವ ಮಾಲತಿಯು ಪೂರ್ವಕ್ಕೆ ಹರಿದು ತುಂಗೆಯನ್ನು ಕೂಡುವುದು. ತುಂಗೆಯು ಕೂಡಲಿಯಲ್ಲಿ ಭದ್ರೆಯನ್ನೂ, ತುಂಗಭದ್ರೆಯು ಮುಂದೆ ಕೃಷ್ಣೆಯನ್ನೂ ಕೂಡಿ, ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುವುದು. ಏಣಿನ ಈ ಬದಿಗೆ ಬಿದ್ದ ಹನಿಗೆ ಒಂದು ಕಡಲು, ಆ ಬದಿಗೆ ಬಿದ್ದ ಹನಿಗೆ ಇನ್ನೊಂದು ಕಡಲು. ಭೂಗೋಳದ ಪುಸ್ತಕದಲ್ಲಿ ಒಂದು ಗೆರೆಯಾಗಿರುವ ಈ ಸಂಗತಿಯನ್ನು ಅಲ್ಲಿ ನಿಂತು ಹೇಳಿದಾಗ, ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು, "ಹಾಗಾದರೆ ನಾವು ನಿಂತಿರುವುದು ಮನೆಯ ಮಾಡಿನ ತುದಿಯ ಮೇಲೆಯೇ?" ಎಂದು ಕೇಳಿದಳು. ಈ ಪ್ರಶ್ನೆಯನ್ನು ಅವಳು ತರಗತಿಯಲ್ಲಿ ಕೇಳುತ್ತಿರಲಿಲ್ಲ.

ಘಟ್ಟದ ಹದಿನಾಲ್ಕು ತಿರುವುಗಳನ್ನು ಹಗಲಿನಲ್ಲಿಯೇ ಇಳಿಯತಕ್ಕದ್ದು, ಚಿಕ್ಕ ವಾಹನದಲ್ಲಿ ಇಳಿಯತಕ್ಕದ್ದು. ಅಲ್ಲಿಂದ ಕಾರ್ಕಳ. ವೀರಪಾಂಡ್ಯನು 1432ರಲ್ಲಿ ನಿಲ್ಲಿಸಿದ ಗೊಮ್ಮಟನ ಎತ್ತರವು ಸುಮಾರು 42 ಅಡಿ. ಶ್ರವಣಬೆಳಗೊಳದ ಮೂರ್ತಿಯನ್ನು ಬೆಟ್ಟದ ನೆತ್ತಿಯ ಬಂಡೆಯಲ್ಲಿಯೇ ಕಡೆದರು; ಕಾರ್ಕಳದ್ದನ್ನಾದರೋ ಬೇರೆ ಕಡೆ ಕಡೆದು ಬೆಟ್ಟದ ಮೇಲಕ್ಕೆ ಎಳೆದುತಂದರೆಂಬುದು ಅಲ್ಲಿಯ ಸಂಪ್ರದಾಯದ ಮಾತು. ಹೇಗೆ ಎಳೆದಿರಬಹುದೆಂದು ಹುಡುಗಿಯರು ತಮ್ಮೊಳಗೆ ವಾದಿಸಲಿ. ಉಪಾಧ್ಯಾಯಿನಿಯು ಬಾಯಿ ಮುಚ್ಚಿಕೊಂಡಿರಲಿ. ಎದುರಿನ ಚತುರ್ಮುಖ ಬಸದಿಯನ್ನೂ ನೋಡಬೇಕು. ಅದು 1586ರದು, ನಾಲ್ಕು ಕಡೆಯಿಂದಲೂ ಒಂದೇ ರೂಪ.

ಸುಮಾರು 18 ಕಿಲೋಮೀಟರು ಮುಂದೆ ಮೂಡಬಿದಿರೆ. ಅಲ್ಲಿ ಅರ್ಧ ದಿನವನ್ನಾದರೂ ಕಳೆಯಬೇಕೆಂಬುದು ನನ್ನ ಹಟ. 1430ರ ಸಾವಿರ ಕಂಬದ ಬಸದಿಯ ಕೆಳಗಣ ಅಂತಸ್ತು ಕಲ್ಲಿನದು, ಮೇಲಣವು ಮರದವು, ಮೇಲೆ ಇಳಿಜಾರಾದ ಮಾಡು. ಬಯಲುಸೀಮೆಯ ಗುಡಿಗಳ ಗೋಪುರಗಳನ್ನೇ ಕಂಡ ನಮ್ಮ ಮಕ್ಕಳಿಗೆ ಇದೇನು, ದೇವಾಲಯಕ್ಕೆ ಮನೆಯ ಮಾಡೇ ಎಂದು ಆಶ್ಚರ್ಯವಾಗುವುದು. ಆಗ ಹಿಂದಿನ ದಿನದ ಆಗುಂಬೆಯ ಸೂರನ್ನು ನೆನಪು ಮಾಡಿಕೊಟ್ಟರೆ ಸಾಕು. ಮಿಕ್ಕ ಪಾಠವನ್ನು ಅವರೇ ಮಾಡಿಕೊಳ್ಳುವರು. ಧವಲಾ ಮೊದಲಾದ ಜೈನ ಸಿದ್ಧಾಂತ ಗ್ರಂಥಗಳ ತಾಳೆಗರಿಯ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದುದು ಈ ಊರಿನಲ್ಲಿಯೇ. ಇಷ್ಟು ತೇವದ ನಾಡಿನಲ್ಲಿ ಓಲೆಯನ್ನು ಹುಳು ತಿನ್ನದಂತೆ ಕಾಪಾಡಿದವರ ಶ್ರದ್ಧೆಯನ್ನು, ವರ್ಷ ಮುಗಿಯುವುದರೊಳಗೆ ಪಠ್ಯಪುಸ್ತಕದ ರಟ್ಟನ್ನು ಕಿತ್ತುಹಾಕುವ ನಮ್ಮ ಮಕ್ಕಳು ಸ್ವಲ್ಪ ಹೊತ್ತು ಆಲೋಚಿಸಲಿ.

ಅದೇ ಊರಿನಲ್ಲಿ ಚೌಟರ ಅರಮನೆಯಿದೆ. ಪ್ರವಾಸದ ಪಟ್ಟಿಗಳಲ್ಲಿ ಅದರ ಹೆಸರು ಅಪರೂಪ. ಅಲ್ಲಿಯ ಮರದ ಕೆತ್ತನೆಗಳಲ್ಲಿ ನವನಾರೀಕುಂಜರವೆಂಬುದೊಂದು, ಪಂಚನಾರೀತುರಗವೆಂಬುದೊಂದು. ಒಂಬತ್ತು ಮಂದಿ ಸ್ತ್ರೀಯರು ಒಬ್ಬರನ್ನೊಬ್ಬರು ಹೆಣೆದುಕೊಂಡು ಆನೆಯಾಗಿರುವರು; ಐವರು ಕುದುರೆಯಾಗಿರುವರು. ನಮ್ಮ ಹುಡುಗಿಯರು ಇವುಗಳ ಮುಂದೆ ನಿಂತಷ್ಟು ಹೊತ್ತು ಇನ್ನಾವುದರ ಮುಂದೆಯೂ ನಿಲ್ಲಲಿಲ್ಲ. ಬಾಲವಾದವಳು ಯಾರು, ಸೊಂಡಿಲಾದವಳು ಯಾರೆಂದು ಹುಡುಕಿದ್ದೇ ಹುಡುಕಿದ್ದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕನು ಇದೇ ಚೌಟರ ಮನೆತನದವಳು. 2012ರಲ್ಲಿ ನಮ್ಮ ಕರಾವಳಿಯನ್ನು ಕಾಯುವ ಪಡೆಯವರು ತಮ್ಮ ನೌಕೆಯೊಂದಕ್ಕೆ ಅವಳ ಹೆಸರನ್ನಿಟ್ಟರು. ಮಗಳಿಗೆ ಸಮುದ್ರವೇಕೆಂದು ಕೇಳುವವರಿಗೆ ನಾನು ಈ ಕಥೆಯನ್ನು ಹೇಳುವುದುಂಟು. ಕೆಲವರು ಸುಮ್ಮನಾಗುವರು, ಕೆಲವರು ಆಗುವುದಿಲ್ಲ.

ಮಂಗಳೂರಿನಲ್ಲಿ ಅಂಗಡಿಬೀದಿಗಳನ್ನು ತಪ್ಪಿಸುವುದೇ ಕಷ್ಟ. ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರದಲ್ಲಿ ಇಟಲಿ ದೇಶದ ಮೊಸ್ಕೇನಿಯೆಂಬಾತನು 1899ರಿಂದ ಸುಮಾರು ಎರಡು ವರ್ಷಗಳಲ್ಲಿ ಗೋಡೆ, ಮೇಲ್ಛಾವಣಿಗಳ ಮೇಲೆ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡತಕ್ಕದ್ದು. ಅದಕ್ಕಿಂತಲೂ, ಊರಿನ ಯಾವುದಾದರೊಂದು ಹಳೆಯ ಹೆಂಚನ್ನು ಕೈಗೆತ್ತಿಕೊಂಡು ನೋಡತಕ್ಕದ್ದು. ಬಾಸೆಲ್ ಮಿಷನ್ನಿನವರು 1865ರಲ್ಲಿ ನೇತ್ರಾವತಿಯ ದಡದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದರು. ಘಟ್ಟದ ಮಳೆಯು ಕೊಚ್ಚಿತಂದ ಜೇಡಿಮಣ್ಣೇ ಸುಟ್ಟು ಹೆಂಚಾಗಿ, ಅದೇ ಮಳೆಯಿಂದ ಮನೆಗಳನ್ನು ಕಾಯಿತು. ಕನ್ನಡದ ಮೊದಲ ವೃತ್ತಪತ್ರಿಕೆಯಾದ "ಮಂಗಳೂರ ಸಮಾಚಾರ"ವನ್ನು 1843ರಲ್ಲಿ ಮೋಗ್ಲಿಂಗರು ಹೊರಡಿಸಿದ್ದೂ, ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಈ ಊರಿನಲ್ಲಿಯೇ. ಇದನ್ನು ನಮ್ಮ ಮಕ್ಕಳು ಮೊದಲೇ ಓದಿ ಬಂದಿರಬೇಕು. ಬೀದಿಯಲ್ಲಿ ನಿಲ್ಲಿಸಿ ಹೇಳುವಷ್ಟು ವ್ಯವಧಾನವಿರದು.

ಕಡೆಯ ಹಗಲು ಮಲ್ಪೆಗೆ. ಉಡುಪಿಯಲ್ಲಿ ಕನಕನ ಕಿಂಡಿಯನ್ನು ನೋಡಿಕೊಂಡು, ದೋಣಿಯಲ್ಲಿ ಸೇಂಟ್ ಮೇರಿ ದ್ವೀಪಕ್ಕೆ ಹೋಗುವುದು. ಬಡಗಿಯು ಕೆತ್ತಿ ನಿಲ್ಲಿಸಿದಂತೆ ಮೂಲೆಗಳುಳ್ಳ ಕಲ್ಲಿನ ಕಂಬಗಳು ಅಲ್ಲಿ ಸಾಲುಸಾಲಾಗಿ ನಿಂತಿರುವುವು. ಸುಮಾರು 8 ಕೋಟಿ 80 ಲಕ್ಷ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರ್ಪಟ್ಟ ಕಾಲದಲ್ಲಿ, ಉಕ್ಕಿದ ಶಿಲಾರಸವು ಆರುತ್ತ ಬಿರಿದು ಹೀಗಾಯಿತೆಂದು ಭೂವಿಜ್ಞಾನಿಗಳು ಹೇಳುವರು. ಮೂಡಬಿದಿರೆಯಲ್ಲಿ ಮನುಷ್ಯನು ಕಡೆದ ಕಂಬಗಳನ್ನು ಕಂಡ ಮಾರನೆಯ ದಿನವೇ ಇವುಗಳನ್ನು ಕಾಣುವುದು ಎಂಥಾ ಭಾಗ್ಯ! ನೀರಿಗೆ ಇಳಿಯುವ ವಿಷಯದಲ್ಲಿ ಮಾತ್ರ ನನ್ನ ನಿಯಮವು ಕಠಿನವಾದುದು: ಪಾದ ನೆನೆಯಲಿ, ಮೊಣಕಾಲು ನೆನೆಯಬಾರದು.

ಶೃಂಗೇರಿಯನ್ನೂ ಕೊಲ್ಲೂರನ್ನೂ ಧರ್ಮಸ್ಥಳವನ್ನೂ ಬಿಟ್ಟಿರೇಕೆಂದು ನನ್ನ ಸಹೋದ್ಯೋಗಿಗಳೇ ಆಕ್ಷೇಪಿಸುವರು. ಅವು ಬಿಡತಕ್ಕ ಸ್ಥಳಗಳಲ್ಲ. ಮೂರು ದಿನಕ್ಕೆ ಹಿಡಿಸುವುದಿಲ್ಲ, ಅಷ್ಟೆ.

ಇನ್ನು ಒಂದು ಸಂಗತಿಯನ್ನು, ಸಂಕೋಚದ ವಿಷಯವಾದರೂ, ಸ್ಪಷ್ಟವಾಗಿ ಬರೆಯಬೇಕಾಗಿದೆ. ನಾವು ಇಳಿದ ಪ್ರಸಿದ್ಧ ಸ್ಥಳವೊಂದರಲ್ಲಿ ಸ್ತ್ರೀಯರಿಗೆಂದು ಇದ್ದ ಶೌಚಗೃಹಕ್ಕೆ ಬೀಗ ಹಾಕಿತ್ತು. ಬೀಗದ ಕೈಯುಳ್ಳವನು ಊಟಕ್ಕೆ ಹೋಗಿದ್ದನು. ಇದನ್ನು ಮೊದಲೇ ಊಹಿಸಿದ ನಮ್ಮ ಹುಡುಗಿಯರಲ್ಲಿ ಹಲವರು ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಗಂಡುಮಕ್ಕಳ ಪ್ರವಾಸದಲ್ಲಿ ಯಾರಿಗೂ ಹೊಳೆಯದ ಈ ಸಂಕಟವು ನಮ್ಮ ಮಕ್ಕಳಿಗೆ ಪ್ರವಾಸದ ಅರ್ಧ ಸುಖವನ್ನು ಕಳೆಯುವುದು. ದೇಹಧರ್ಮದ ದಿನಗಳಲ್ಲಿರುವ ಹುಡುಗಿಯ ಪಾಡನ್ನಂತೂ ತಾಯಂದಿರಿಗೆ ನಾನು ವಿವರಿಸಬೇಕಾಗಿಲ್ಲ. ಪ್ರವಾಸಿಗಳನ್ನು ಬನ್ನಿ ಬನ್ನಿ ಎಂದು ಕರೆಯುವ ಅಧಿಕಾರಿಗಳು ಹೊಸ ಕಮಾನುಗಳನ್ನು ಕಟ್ಟಿಸುವುದಕ್ಕೆ ಮೊದಲು ನೀರೂ ಚಿಲಕವೂ ಇರುವ ನಾಲ್ಕು ಕೊಠಡಿಗಳನ್ನು ಕಟ್ಟಿಸಿ ತೆರೆದಿಡಲಿ. ಅಲ್ಲಿಯವರೆಗೆ ದಾರಿಯ ಶಾಲೆಗಳಿಗೂ ವಿದ್ಯಾರ್ಥಿನಿಲಯಗಳಿಗೂ ಮುಂಚಿತವಾಗಿ ಪತ್ರ ಬರೆದು ಏರ್ಪಾಡು ಮಾಡಿಕೊಳ್ಳುವುದೇ ನಮಗುಳಿದ ಉಪಾಯ. ಮಕ್ಕಳು ಓದುವ ಶಾಲೆಯವರು ಮಕ್ಕಳನ್ನು ಇಲ್ಲವೆನ್ನುವುದು ಅಪರೂಪ.

ಹಣದ ವಿಷಯ. ನಮ್ಮ ರಾಜ್ಯದಲ್ಲಿ 2023ರ ಜೂನ್ 11ರಂದು ಸರಕಾರದ ಸಾಮಾನ್ಯ ಬಸ್ಸುಗಳಲ್ಲಿ ಸ್ತ್ರೀಯರಿಗೆ ಉಚಿತ ಪ್ರಯಾಣವು ಆರಂಭವಾದ ಮೇಲೆ, ಎಷ್ಟೋ ಮಂದಿ ತಾಯಂದಿರು ತವರಿಗೂ ದೇವಸ್ಥಾನಗಳಿಗೂ ಹೋಗಿಬಂದರು. ಇದನ್ನು ಕೆಲವರು ಹಾಸ್ಯ ಮಾಡಿದರು, ನನಗೆ ಹಾಸ್ಯವೆನಿಸಲಿಲ್ಲ. ಆದರೂ ಮೂವತ್ತು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯಲು ವಾಹನವನ್ನು ಗೊತ್ತುಮಾಡಲೇಬೇಕು, ಊಟ ವಸತಿಗಳ ವೆಚ್ಚವೂ ಉಂಟು. ನವೆಂಬರಿನಲ್ಲಿ ಒಮ್ಮೆಗೆ ಹಣ ಕೇಳಿದರೆ ಕೂಲಿನಾಲಿ ಮಾಡುವ ಮನೆಯವರು ಎಲ್ಲಿಂದ ತಂದಾರು? ಜೂನಿನಿಂದಲೇ ವಾರಕ್ಕೆ ಇಷ್ಟೆಂದು ಕೂಡಿಟ್ಟರೆ ಭಾರವೆನಿಸದು. ಹಳೆಯ ವಿದ್ಯಾರ್ಥಿನಿಯರು ವಾರ್ಷಿಕೋತ್ಸವಕ್ಕೆ ಹೂಮಾಲೆಗಳನ್ನು ಕಳುಹಿಸುವ ಬದಲು ಒಬ್ಬೊಬ್ಬ ಹುಡುಗಿಯ ಪ್ರವಾಸದ ವೆಚ್ಚವನ್ನು ವಹಿಸಿಕೊಂಡರೆ ನಮಗೆ ಸಂತೋಷ. ಅದು ಯಾರ ವೆಚ್ಚವೆಂಬುದನ್ನು ಆ ಹುಡುಗಿಗೂ ಹೇಳಕೂಡದು, ಇತರರಿಗೂ ಹೇಳಕೂಡದು.

ಬರುವ ಡಿಸೆಂಬರಿನ ಪ್ರವಾಸಕ್ಕೆ ಹತ್ತು ಮಂದಿ ಹುಡುಗಿಯರಿಗೆ ಒಬ್ಬ ಉಪಾಧ್ಯಾಯಿನಿಯಂತೆ ಜೊತೆಗಿರುವರು. ರಾತ್ರಿಯ ಪ್ರಯಾಣವಿರದು. ತಂಗುವ ಮನೆಗಳ ವಿಳಾಸವನ್ನು ಒಪ್ಪಿಗೆಪತ್ರದ ಹಿಂಬದಿಯಲ್ಲಿ ಅಚ್ಚು ಹಾಕಿಸುವೆವು. ತಂದೆತಾಯಿಗಳು ಬೇಕಾದರೆ ತಾವೇ ವಿಚಾರಿಸಬಹುದು. ಹುಡುಗಿಯರು ತರಬೇಕಾದುವು: ಒಂದು ಹೊದಿಕೆ, ಬಂಡೆಯ ಮೇಲೆ ಜಾರದ ಹಳೆಯ ಚಪ್ಪಲಿ, ಒಂದು ಸೀಸೆ ನೀರು, ಗೆರೆಯಿಲ್ಲದ ಒಂದು ನೋಟುಪುಸ್ತಕ, ಪೆನ್ಸಿಲು. ಮೊಬೈಲ್ ಫೋನು ಉಪಾಧ್ಯಾಯಿನಿಯರ ಬಳಿಯಲ್ಲಿರುವುದು. ಪ್ರತಿದಿನ ಸಂಜೆ ಪ್ರತಿಯೊಬ್ಬಳೂ ಮನೆಗೆ ಮಾತನಾಡಬಹುದು.